ನಿಮ್ಮ ಒಲವು ಯಾರ ಕಡೆ?

1967ರ ಜೂನ್ ತಿಂಗಳು. ಇಸ್ರೇಲ್ ಆರೇ ದಿನಗಳಲ್ಲಿ ಮೂರು ಅರಬ್ ದೇಶಗಳ ಸೈನ್ಯವನ್ನು ಸೋಲಿಸಿ ಪಶ್ಚಿಮ ದಂಡೆ, ಪೂರ್ವ ಜೆರುಸಲೇಂ, ಗಾಜಾ, ಸಿನಾಯ್, ಗೋಲನ್ ಬೆಟ್ಟಗಳನ್ನು ವಶಕ್ಕೆ ತೆಗೆದುಕೊಂಡಿತ್ತು. ಅದೇ ತಿಂಗಳು ಅಮೆರಿಕದ ಗ್ಯಾಲಪ್ ಸಂಸ್ಥೆ ಜನರ ಮುಂದೆ ಒಂದು ಪ್ರಶ್ನೆ ಇಟ್ಟಿತು: ಪಶ್ಚಿಮ ಏಷ್ಯಾದ ಈ ಜಗಳದಲ್ಲಿ ನಿಮ್ಮ ಒಲವು ಇಸ್ರೇಲ್ ಕಡೆಗೋ, ಅರಬ್ ರಾಷ್ಟ್ರಗಳ ಕಡೆಗೋ? ಅರ್ಧಕ್ಕಿಂತ ಹೆಚ್ಚು ಮಂದಿ ಇಸ್ರೇಲ್ ಅಂದರು. ಅರಬರ ಕಡೆ ಅಂದವರು ನೂರಕ್ಕೆ ನಾಲ್ವರು.

ಆ ನಾಲ್ಕು ಎಂಬ ಅಂಕಿಗಿಂತ ನನ್ನನ್ನು ಹೆಚ್ಚು ಕಾಡುವುದು ಪ್ರಶ್ನೆಯಲ್ಲಿ ಇಲ್ಲದ ಒಂದು ಹೆಸರು. ಗಾಜಾದಲ್ಲೂ ಪಶ್ಚಿಮ ದಂಡೆಯಲ್ಲೂ ಆ ವಾರ ಬೆಳಗಾಗುವಷ್ಟರಲ್ಲಿ ಬೇರೊಂದು ಸೈನ್ಯದ ಆಡಳಿತಕ್ಕೆ ಬಿದ್ದವರು ಪ್ಯಾಲೆಸ್ಟೀನಿಯರು. ಪ್ರಶ್ನೆ ಬರೆದವರಿಗೆ ಅವರು ನೆನಪಾಗಲಿಲ್ಲ. ಉತ್ತರ ಕೊಟ್ಟವರಿಗೂ ಆ ಕೊರತೆ ಕಂಡಂತಿಲ್ಲ. ಒಂದು ದೇಶದ ಜನಮತ ಹೇಗೆ ರೂಪುಗೊಂಡಿತು, ಅರ್ಧ ಶತಮಾನ ಗಟ್ಟಿಯಾಗಿ ನಿಂತದ್ದು ಹೇಗೆ ಕದಲಿತು ಎಂದು ತಿಳಿಯಬೇಕಾದರೆ ಈ ಒಂದು ಪ್ರಶ್ನೆಯ ಬೆನ್ನು ಹಿಡಿದರೆ ಸಾಕು ಅನಿಸುತ್ತದೆ.

ಅಮೆರಿಕದವರು ಹುಟ್ಟಿನಿಂದಲೇ ಯಹೂದಿಗಳ ಪರವಿದ್ದರು ಎಂಬುದು ನಿಜವಲ್ಲ. 1938ರ ನವೆಂಬರ್‌ನಲ್ಲಿ, ಜರ್ಮನಿಯಲ್ಲಿ ಯಹೂದಿಗಳ ಅಂಗಡಿ, ಪ್ರಾರ್ಥನಾ ಮಂದಿರಗಳು ಸುಟ್ಟುಹೋದ ದಿನಗಳಲ್ಲಿ, ಇದೇ ಗ್ಯಾಲಪ್ ಸಂಸ್ಥೆ ಕೇಳಿತ್ತು: ಅಲ್ಲಿಂದ ತಪ್ಪಿಸಿಕೊಂಡು ಬರುವ ಯಹೂದಿಗಳನ್ನು ಇನ್ನೂ ಹೆಚ್ಚಾಗಿ ನಮ್ಮ ದೇಶದೊಳಕ್ಕೆ ಬಿಟ್ಟುಕೊಳ್ಳೋಣವೇ? ಶೇ 72ರಷ್ಟು ಮಂದಿ ಬೇಡ ಅಂದರು. ಮರುವರ್ಷ ಒಂಬೈನೂರಕ್ಕೂ ಹೆಚ್ಚು ನಿರಾಶ್ರಿತರನ್ನು ಹೊತ್ತ ‘ಸೇಂಟ್ ಲೂಯಿಸ್’ ಹಡಗು ಫ್ಲಾರಿಡಾದ ದೀಪಗಳು ಕಾಣುವಷ್ಟು ಹತ್ತಿರ ಬಂದು ಯುರೋಪಿಗೆ ಹಿಂತಿರುಗಿತು. ಅದರಲ್ಲಿದ್ದ ಎಷ್ಟೋ ಜನ ಆಮೇಲೆ ನಾಜಿಗಳ ಕೈಗೆ ಸಿಕ್ಕು ಸತ್ತರು.

ಆ 1938ರ ಸಮೀಕ್ಷೆಯ ಒಂಬತ್ತು ವರ್ಷಗಳ ನಂತರ, 1947ರಲ್ಲಿ, ಪ್ಯಾಲೆಸ್ಟೀನನ್ನು ಇಬ್ಭಾಗ ಮಾಡಿ ಯಹೂದಿಗಳಿಗೊಂದು ದೇಶ ಕೊಡುವುದಕ್ಕೆ ಸುಮಾರು ಶೇ 65ರಷ್ಟು ಅಮೆರಿಕನ್ನರು ಒಪ್ಪಿದ್ದರು. ನಡುವೆ ಆಗಿಹೋದದ್ದು ಅರವತ್ತು ಲಕ್ಷ ಜನರ ಕೊಲೆ. ತಮ್ಮ ಬಾಗಿಲು ಮುಚ್ಚಿದವರ ಮನಸ್ಸಿನ ಅಳುಕು ಬೇರೊಬ್ಬರ ಮನೆಯ ಬಾಗಿಲನ್ನು ತೆರೆಸಿತು ಎಂದು ನಾನು ಇದನ್ನು ಓದುತ್ತೇನೆ. ಆ ಮನೆಯಲ್ಲಿ ಆಗಲೇ ವಾಸವಿದ್ದವರು ಯಾರು ಎಂದು ಕೇಳಿದವರು ಕಡಿಮೆ. ವಿಶ್ವಸಂಸ್ಥೆಯಲ್ಲಿ ನವೆಂಬರ್ 29ರಂದು ವಿಭಜನೆಯ ಪರವಾಗಿ 33 ದೇಶಗಳು, ವಿರುದ್ಧವಾಗಿ 13 ದೇಶಗಳು ಮತ ಹಾಕಿದವು. ಆ 13ರಲ್ಲಿ ಭಾರತವೂ ಒಂದು. ತಾನೇ ಇಬ್ಭಾಗವಾಗಿ ಮೂರೂವರೆ ತಿಂಗಳಷ್ಟೇ ಆಗಿತ್ತು.

1948ರ ಮೇ 14ರಂದು ಇಸ್ರೇಲ್ ಘೋಷಣೆಯಾದ ಹನ್ನೊಂದು ನಿಮಿಷಕ್ಕೆ ಅಧ್ಯಕ್ಷ ಟ್ರೂಮನ್ ಮಾನ್ಯತೆ ಕೊಟ್ಟರು. ವಿದೇಶಾಂಗ ಕಾರ್ಯದರ್ಶಿ ಜಾರ್ಜ್ ಮಾರ್ಷಲ್ ಕಟುವಾಗಿ ವಿರೋಧಿಸಿದ್ದರು. ಹಿಂದೊಮ್ಮೆ ಕ್ಯಾನ್ಸಸ್ ಸಿಟಿಯಲ್ಲಿ ಟ್ರೂಮನ್ ಜತೆ ಸೇರಿ ಬಟ್ಟೆ ಅಂಗಡಿ ನಡೆಸಿದ್ದ ಯಹೂದಿ ಗೆಳೆಯ ಎಡ್ಡಿ ಜೇಕಬ್ಸನ್, ಶ್ವೇತಭವನಕ್ಕೇ ಬಂದು ಹಳೆಯ ಸಲಿಗೆಯಲ್ಲಿ ಒತ್ತಾಯಿಸಿದ್ದರು. ಇಸ್ರೇಲ್ ಹುಟ್ಟಿದ ಹೊತ್ತಿನ ಯುದ್ಧದಲ್ಲಿ ಊರು ಬಿಟ್ಟ ಸುಮಾರು ಏಳು ಲಕ್ಷ ಪ್ಯಾಲೆಸ್ಟೀನಿಯರಿಗೆ ಶ್ವೇತಭವನದಲ್ಲಿ ಅಂಥ ಸಲಿಗೆಯ ಗೆಳೆಯ ಒಬ್ಬನೂ ಇರಲಿಲ್ಲ. ಅಮೆರಿಕದ ಪತ್ರಿಕೆಗಳಲ್ಲಿ ಅವರು ಬಹುಕಾಲ ಬರೀ ‘ಅರಬ್ ನಿರಾಶ್ರಿತರು’.

ಬೈಬಲ್‌ನ ಪಾಲನ್ನೂ ಇಲ್ಲಿ ಹೇಳಬೇಕು. ಅಮೆರಿಕದ ನಕಾಶೆ ಬಿಡಿಸಿದರೆ ಬೆತ್ಲೆಹೆಮ್, ಹೆಬ್ರಾನ್, ಸೇಲಂ, ಜಿಯಾನ್ ಎಲ್ಲವೂ ಸಿಗುತ್ತವೆ. ಭಾನುವಾರದ ಪಾಠಶಾಲೆಯಲ್ಲಿ ಜೋರ್ಡಾನ್ ನದಿಯ ಹೆಸರು ಕಲಿತ ಮಗುವಿಗೆ ಇಸ್ರೇಲ್ ಪರದೇಶ ಅನಿಸುವುದಿಲ್ಲ. ಅದರ ಮೇಲೆ 1958ರಲ್ಲಿ ಲಿಯಾನ್ ಯೂರಿಸ್ ಬರೆದ ‘ಎಕ್ಸೋಡಸ್’ ಕಾದಂಬರಿ ಬಂತು, ಎರಡು ವರ್ಷಕ್ಕೆ ಸಿನಿಮಾ ಆಯಿತು. ಮರುಭೂಮಿಯನ್ನು ತೋಟ ಮಾಡುವ, ಬಂದೂಕು ಹಿಡಿದರೂ ಮನಸ್ಸು ಮೃದುವಾಗಿರುವ ನಾಯಕನ ಪಾತ್ರದಲ್ಲಿ ಪಾಲ್ ನ್ಯೂಮನ್. ಅಮೆರಿಕದ ಪ್ರೇಕ್ಷಕರು ಅವನಲ್ಲಿ ತಮ್ಮದೇ ಪಶ್ಚಿಮಕ್ಕೆ ಹೊರಟ ಅಜ್ಜಂದಿರನ್ನು ಕಂಡರು. ಎದುರಿಗಿದ್ದ ಅರಬರು ಹಳೆಯ ಕೌಬಾಯ್ ಚಿತ್ರಗಳ ಮೂಲನಿವಾಸಿಗಳಂತೆ, ದಿಗಂತದಲ್ಲಿ ಗುಂಪಾಗಿ ಕಾಣುವವರು.

ಆಗಿನ ಕಾಲದ ರಾಜಕೀಯ ಇಂದಿನವರಿಗೆ ತಲೆಕೆಳಗಾಗಿ ಕಾಣಬಹುದು. ಇಸ್ರೇಲನ್ನು ಎದೆಗೊತ್ತಿಕೊಂಡವರು ಮುಖ್ಯವಾಗಿ ಉದಾರವಾದಿಗಳು. ಕಾರ್ಮಿಕ ಪಕ್ಷದ ಸರ್ಕಾರ, ಎಲ್ಲರೂ ದುಡಿದು ಎಲ್ಲರೂ ಉಣ್ಣುವ ಕಿಬ್ಬುಟ್ಸ್, ಇವೆಲ್ಲ ಅವರಿಗೆ ಕನಸು ನನಸಾದಂತಿದ್ದವು. ಹಿಂದಿನ ವರ್ಷ ವಶಪಡಿಸಿಕೊಂಡಿದ್ದ ಸಿನಾಯ್‌ನಿಂದ ಹಿಂದೆ ಸರಿಯಿರಿ ಎಂದು 1957ರಲ್ಲಿ ಇಸ್ರೇಲಿನ ಮೇಲೆ ಒತ್ತಡ ಹೇರಿ ಸರಿಸಿದ ಅಧ್ಯಕ್ಷ ಐಸೆನ್‌ಹೋವರ್ ರಿಪಬ್ಲಿಕನ್ ಪಕ್ಷದವರು.

ಪ್ಯಾಲೆಸ್ಟೀನಿ ಎಂಬ ಶಬ್ದ ಅಮೆರಿಕದ ನಡುಮನೆಗೆ ಬಂದದ್ದು 1972ರ ಸೆಪ್ಟೆಂಬರ್‌ನಲ್ಲಿ, ಮ್ಯೂನಿಕ್ ಒಲಿಂಪಿಕ್ಸ್‌ನ ನೇರಪ್ರಸಾರದಲ್ಲಿ, ಮುಖಕ್ಕೆ ಮುಸುಕು ಹಾಕಿಕೊಂಡು. ಇಸ್ರೇಲಿನ ಹನ್ನೊಂದು ಮಂದಿ ಕ್ರೀಡಾಪಟುಗಳು, ತರಬೇತುದಾರರು ಆ ದಾಳಿಯಲ್ಲಿ ಸತ್ತರು. ಒಂದು ಜನಾಂಗದ ಮೊದಲ ಪರಿಚಯವೇ ಹೀಗಾದರೆ ಅದರ ಎರಡನೆಯ ಮುಖ ಕಾಣಲು ಎಷ್ಟು ವರ್ಷ ಬೇಕು? 1977ರಲ್ಲಿ ಅಧ್ಯಕ್ಷ ಕಾರ್ಟರ್ ಮ್ಯಾಸಚೂಸೆಟ್ಸ್‌ನ ಒಂದು ಸಣ್ಣ ಊರಿನ ಸಭೆಯಲ್ಲಿ ಪ್ಯಾಲೆಸ್ಟೀನಿ ನಿರಾಶ್ರಿತರಿಗೂ ಒಂದು ತಾಯ್ನಾಡು ಬೇಕು ಅಂದಾಗ ಅದೇ ದೊಡ್ಡ ಸುದ್ದಿಯಾಯಿತು. 1979ರಲ್ಲಿ ವಿಶ್ವಸಂಸ್ಥೆಯಲ್ಲಿದ್ದ ಅಮೆರಿಕದ ರಾಯಭಾರಿ ಆಂಡ್ರ್ಯೂ ಯಂಗ್, ಪ್ಯಾಲೆಸ್ಟೀನ್ ವಿಮೋಚನಾ ಸಂಘಟನೆಯ ಪ್ರತಿನಿಧಿಯನ್ನು ಭೇಟಿಯಾದ ಕಾರಣಕ್ಕೆ ಹುದ್ದೆ ಬಿಡಬೇಕಾಯಿತು. ಅದೇ ವರ್ಷ ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ, ಜೆರುಸಲೇಂನಲ್ಲಿ ಹುಟ್ಟಿದ ಎಡ್ವರ್ಡ್ ಸಯೀದ್ ‘ದ ಕ್ವೆಶ್ಚನ್ ಆಫ್ ಪ್ಯಾಲೆಸ್ಟೀನ್’ ಬರೆದರು. ನಮ್ಮ ಕಥೆಯನ್ನು ನಾವು ಹೇಳಿಕೊಳ್ಳಲೂ ಅಪ್ಪಣೆ ಬೇಕಾಗಿದೆ ಎಂಬುದು ಅವರು ಕೊನೆಯವರೆಗೂ ಬಿಡದೆ ಹೇಳಿದ ಮಾತು.

ಮೊದಲ ಬಿರುಕು 1982ರದು. ಲೆಬನಾನಿನ ರಾಜಧಾನಿ ಬೈರೂತಿನ ಮೇಲೆ ಇಸ್ರೇಲ್ ಬಾಂಬು ಸುರಿಸುವುದನ್ನು ಅಮೆರಿಕನ್ನರು ರಾತ್ರಿಯ ಊಟದ ಹೊತ್ತಿಗೆ ಟಿ.ವಿ.ಯಲ್ಲಿ ನೋಡಿದರು. ಆಗಸ್ಟ್ 12ರಂದು ಅಧ್ಯಕ್ಷ ರೇಗನ್ ಫೋನ್ ಮಾಡಿ ಇಸ್ರೇಲ್ ಪ್ರಧಾನಿ ಬೆಗಿನ್ ಬಳಿ ಸಿಟ್ಟಿನಿಂದಲೇ ಮಾತಾಡಿದರು. ಸ್ವಲ್ಪ ಹೊತ್ತಿನಲ್ಲೇ ದಾಳಿ ನಿಂತಿತು. (ಅಧ್ಯಕ್ಷರ ಒಂದು ಫೋನ್ ಕರೆಗೆ ಎಷ್ಟು ಶಕ್ತಿಯಿತ್ತು ಎಂಬುದನ್ನು ನಂತರದ ಅಧ್ಯಕ್ಷರು ಮರೆತಿರಲಾರರು.) ಸೆಪ್ಟೆಂಬರ್‌ನಲ್ಲಿ ಇಸ್ರೇಲಿ ಸೈನ್ಯ ಸುತ್ತುವರಿದು ನಿಂತಿದ್ದಾಗ ಲೆಬನಾನಿನ ಕ್ರೈಸ್ತ ಪಡೆಯವರು ಸಬ್ರಾ, ಶತೀಲಾ ಶಿಬಿರಗಳಿಗೆ ನುಗ್ಗಿ ನಿರಾಶ್ರಿತರನ್ನು ಕೊಂದರು. ಆ ತಿಂಗಳ ಸಮೀಕ್ಷೆಯಲ್ಲಿ ಇಸ್ರೇಲ್ ಕಡೆ ಶೇ 32, ಅರಬರ ಕಡೆ ಶೇ 28. ಅಂತರ ಬರೀ ನಾಲ್ಕು. ಆದರೆ ನೆನಪು ಆರಿದಂತೆ ಅಂಕಿಗಳೂ ಹಳೆಯ ಜಾಗಕ್ಕೆ ಮರಳಿದವು.

1987ರ ಡಿಸೆಂಬರ್‌ನಲ್ಲಿ ಗಾಜಾದಲ್ಲಿ ಇಂತಿಫಾದಾ, ಅಂದರೆ ಪ್ಯಾಲೆಸ್ಟೀನಿಯರ ದಂಗೆ, ಶುರುವಾಯಿತು. ಈ ಸಲ ಕ್ಯಾಮೆರಾ ಮುಂದಿದ್ದದ್ದು ಕಲ್ಲು ಹಿಡಿದ ಹುಡುಗರು. ಎರಡು ತಿಂಗಳ ನಂತರ ನಾಬ್ಲುಸ್‌ನಲ್ಲಿ ಸಿಬಿಎಸ್ ವಾಹಿನಿ ಸೆರೆಹಿಡಿದ ದೃಶ್ಯದಲ್ಲಿ ಇಸ್ರೇಲಿ ಸೈನಿಕರು ಇಬ್ಬರು ಯುವಕರನ್ನು ಕೂರಿಸಿಕೊಂಡು ಕಲ್ಲಿನಿಂದ ಜಜ್ಜುತ್ತಿದ್ದರು. ಅದೇ 1988ರಲ್ಲಿ ಗ್ಯಾಲಪ್‌ನ ಪ್ರಶ್ನೆ ಬದಲಾಯಿತು: ನಿಮ್ಮ ಒಲವು ಇಸ್ರೇಲಿಗರ ಕಡೆಗೋ, ಪ್ಯಾಲೆಸ್ಟೀನಿಯರ ಕಡೆಗೋ? ಹೆಸರು ಸಿಗಲು ಇಪ್ಪತ್ತೊಂದು ವರ್ಷ ಹಿಡಿಯಿತು. ಈ ಇಡೀ ಕಥೆಯಲ್ಲಿ ಇದಕ್ಕಿಂತ ದೊಡ್ಡ ತಿರುವು ನನಗೆ ಕಾಣುವುದಿಲ್ಲ. ಅಷ್ಟೊಂದು ಅರಬ್ ರಾಷ್ಟ್ರಗಳ ಎದುರು ಒಂಟಿ ಇಸ್ರೇಲ್ ಎಂದರೆ ಮನಸ್ಸು ಚಿಕ್ಕವನ ಕಡೆ ವಾಲುತ್ತದೆ. ದೇಶವೇ ಇಲ್ಲದ ಜನರ ಎದುರು ಇಸ್ರೇಲ್ ಎಂದಾಗ ಚಿಕ್ಕವನು ಯಾರು?

ಹಾಗೆಂದು ತಕ್ಕಡಿ ಕೂಡಲೇ ತಿರುಗಲಿಲ್ಲ. 1991ರಲ್ಲಿ ಇರಾಕಿನ ಸದ್ದಾಂ ಹುಸೇನ್ ಟೆಲ್ ಅವೀವ್ ಮೇಲೆ ಸ್ಕಡ್ ಕ್ಷಿಪಣಿ ಹಾರಿಸಿದಾಗ ಇಸ್ರೇಲಿಗರ ಪರ ಶೇ 64ಕ್ಕೆ ಏರಿತು. ಇಸ್ರೇಲಿಗರು, ಪ್ಯಾಲೆಸ್ಟೀನಿಯರು ಮಾಡಿಕೊಂಡ ಓಸ್ಲೋ ಒಪ್ಪಂದದ ಭರವಸೆ ಬಂದು ಹೋಯಿತು. ಎರಡನೆಯ ಇಂತಿಫಾದಾದ ಆತ್ಮಾಹುತಿ ಬಾಂಬುಗಳು, ನಡುವೆ ನ್ಯೂಯಾರ್ಕಿನ ಜೋಡಿ ಗೋಪುರಗಳು ಕುಸಿದದ್ದು, ಎರಡೂ ಅಮೆರಿಕನ್ನರ ಮನಸ್ಸಿನಲ್ಲಿ ಒಂದೇ ಕಥೆಯಾಗಿ ಬೆಸೆದುಕೊಂಡವು. 2013ರಲ್ಲೂ ಶೇ 64 ಇಸ್ರೇಲಿಗರ ಕಡೆ, ಶೇ 12 ಪ್ಯಾಲೆಸ್ಟೀನಿಯರ ಕಡೆ.

ಮೇಲೆ ಹೀಗೆ ನಿಂತ ನೀರು. ಒಳಗೆ ಹರಿವು ಬೇರೆಯಾಗಿತ್ತು. 1978ರಲ್ಲಿ ರಿಪಬ್ಲಿಕನ್ನರಲ್ಲಿ ಶೇ 49, ಡೆಮಾಕ್ರಟರಲ್ಲಿ ಶೇ 44 ಇಸ್ರೇಲ್ ಪರ ಇದ್ದರು. ಗ್ಯಾಲಪ್‌ನಂತೆಯೇ ಸಮೀಕ್ಷೆ ನಡೆಸುವ ಪ್ಯೂ ಸಂಸ್ಥೆ 2018ರಲ್ಲಿ ಕೇಳಿದಾಗ ಆ ಅಂಕಿಗಳು 79 ಮತ್ತು 27 ಆಗಿದ್ದವು. ಬೈಬಲ್ ನೆನೆದು ಇಸ್ರೇಲ್ ಪರ ನಿಲ್ಲುವ ಇವಾಂಜೆಲಿಕಲ್ ಕ್ರೈಸ್ತರು ರಿಪಬ್ಲಿಕನ್ ಪಕ್ಷದ ಬೆನ್ನೆಲುಬಾದರು. ಪಾದ್ರಿ ಜಾನ್ ಹ್ಯಾಗಿ 2006ರಲ್ಲಿ ಇಸ್ರೇಲ್‌ಗಾಗಿಯೇ ಅವರದೊಂದು ದೊಡ್ಡ ಸಂಘಟನೆ ಕಟ್ಟಿದರು. ಇಸ್ರೇಲಿನಲ್ಲೂ ಕಿಬ್ಬುಟ್ಸ್‌ಗಳ ಕಾಲ ಮುಗಿದು ಬಲಪಂಥ ಗಟ್ಟಿಯಾಯಿತು, ಪಶ್ಚಿಮ ದಂಡೆಯ ಬೆಟ್ಟಗಳ ಮೇಲೆ ವಸತಿಗಳು ಏಳುತ್ತಲೇ ಹೋದವು. 2015ರ ಮಾರ್ಚ್‌ನಲ್ಲಿ ಇಸ್ರೇಲ್ ಪ್ರಧಾನಿ ನೆತನ್ಯಾಹು ಅಧ್ಯಕ್ಷ ಒಬಾಮಾ ಅವರನ್ನು ಬದಿಗಿಟ್ಟು, ಇರಾನ್ ಜತೆಗಿನ ಅಣು ಒಪ್ಪಂದದ ವಿರುದ್ಧ ಮಾತಾಡಲು ನೇರ ಅಮೆರಿಕದ ಸಂಸತ್ತಿಗೇ ಬಂದರು. ಐವತ್ತಕ್ಕೂ ಹೆಚ್ಚು ಡೆಮಾಕ್ರಟರು ಆ ದಿನ ಸಭೆಗೆ ಬರಲಿಲ್ಲ. ಎರಡೂ ಪಕ್ಷಗಳ ಸೊತ್ತಾಗಿದ್ದ ಸ್ನೇಹವನ್ನು ಒಂದೇ ಪಕ್ಷದ ಸೊತ್ತು ಮಾಡಿದ್ದು ಇಸ್ರೇಲಿಗೇ ದುಬಾರಿಯಾಯಿತು ಎಂದು ನನಗೆ ಅನಿಸುತ್ತದೆ.

ಇನ್ನು ವಯಸ್ಸಿನ ಮಾತು. 1990ರ ಆಚೆ ಹುಟ್ಟಿದವರು ಕಣ್ಣಾರೆ ಕಂಡದ್ದು ಬಲಾಢ್ಯ ಇಸ್ರೇಲನ್ನು. ಮುತ್ತಿಗೆಯಲ್ಲಿ ಸಿಕ್ಕ ಪುಟ್ಟ ದೇಶದ ಚಿತ್ರ ಅವರ ಪಾಲಿಗೆ ಅಜ್ಜಿ ಹೇಳಿದ ಕಥೆ. 2014ರ ಬೇಸಿಗೆಯಲ್ಲಿ ಗಾಜಾದಲ್ಲಿ ಯುದ್ಧ ನಡೆಯುತ್ತಿದ್ದಾಗಲೇ ಮಿಸೌರಿಯ ಫರ್ಗುಸನ್‌ನಲ್ಲಿ ಕಪ್ಪು ಯುವಕನೊಬ್ಬನನ್ನು ಪೊಲೀಸ್ ಅಧಿಕಾರಿ ಗುಂಡಿಕ್ಕಿ ಕೊಂದದ್ದಕ್ಕೆ ಜನ ಬೀದಿಗಿಳಿದಿದ್ದರು. ಅಶ್ರುವಾಯು ಬಿದ್ದರೆ ಹೇಗೆ ತಾಳಿಕೊಳ್ಳಬೇಕೆಂದು ಪ್ಯಾಲೆಸ್ಟೀನಿಯರು ಅವರಿಗೆ ಟ್ವಿಟರ್‌ನಲ್ಲಿ ಉಪಾಯ ಹೇಳಿಕೊಟ್ಟರು. ಯಾವ ಸಂಪಾದಕನ ಅಪ್ಪಣೆಯೂ ಬೇಕಿಲ್ಲದ ಕಾಲ ಬಂದಿತ್ತು. ಆ ದಿನಗಳಿಗೆ ಸಯೀದ್ ಇರಲಿಲ್ಲ, 2003ರಲ್ಲೇ ತೀರಿಕೊಂಡಿದ್ದರು.

ಎಲ್ಲವೂ 2023ರ ಅಕ್ಟೋಬರ್ ನಂತರ ಬದಲಾಯಿತು ಎನ್ನುವವರಿಗೆ ಒಂದು ತಾರೀಕು ತೋರಿಸಬೇಕು. ಗ್ಯಾಲಪ್‌ನ ಲೆಕ್ಕದಲ್ಲಿ ಡೆಮಾಕ್ರಟರ ಒಲವು ಮೊದಲ ಸಲ ಪ್ಯಾಲೆಸ್ಟೀನಿಯರ ಕಡೆ ತಿರುಗಿದ್ದು ಅದೇ ವರ್ಷದ ಫೆಬ್ರುವರಿಯಲ್ಲಿ, ಯುದ್ಧಕ್ಕೆ ಎಂಟು ತಿಂಗಳ ಮೊದಲು: ಶೇ 49ಕ್ಕೆ ಶೇ 38.

ಅಕ್ಟೋಬರ್ 7ರಂದು ಗಾಜಾವನ್ನು ಆಳುತ್ತಿದ್ದ ಹಮಾಸ್ ಇಸ್ರೇಲಿನೊಳಕ್ಕೆ ನುಗ್ಗಿ ಸುಮಾರು 1,200 ಜನರನ್ನು ಕೊಂದು 251 ಮಂದಿಯನ್ನು ಒತ್ತೆಯಾಗಿ ಎಳೆದೊಯ್ದಿತು. ಅದಕ್ಕೆ ಉತ್ತರವಾಗಿ ಗಾಜಾದಲ್ಲಿ ಶುರುವಾದ ಇಸ್ರೇಲಿನ ಸೇನಾ ಕಾರ್ಯಾಚರಣೆಯನ್ನು ನವೆಂಬರ್‌ನಲ್ಲಿ ಶೇ 50ರಷ್ಟು ಅಮೆರಿಕನ್ನರು ಒಪ್ಪಿದರು. ಮುಂದಿನ ಮಾರ್ಚ್ ವೇಳೆಗೆ ಅದು ಶೇ 36ಕ್ಕೆ ಇಳಿಯಿತು. ಅಷ್ಟರಲ್ಲಿ ಗಾಜಾದ ತಾಯಂದಿರು ಬಿಳಿ ಬಟ್ಟೆಯಲ್ಲಿ ಸುತ್ತಿದ ಮಕ್ಕಳನ್ನು ಎತ್ತಿಕೊಂಡು ನಿಂತ ದೃಶ್ಯಗಳು ಪ್ರತಿಯೊಬ್ಬರ ಕೈಯಲ್ಲಿದ್ದ ಫೋನಿಗೆ ಬಂದಿದ್ದವು. 2024ರ ಫೆಬ್ರುವರಿಯಲ್ಲಿ ಮಿಷಿಗನ್‌ನ ಪ್ರಾಥಮಿಕ ಚುನಾವಣೆಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಡೆಮಾಕ್ರಟರು ಅಧ್ಯಕ್ಷ ಬೈಡನ್ ಹೆಸರು ಬಿಟ್ಟು ‘ಯಾರಿಗೂ ಬದ್ಧರಲ್ಲ’ ಎಂಬ ಚೌಕಕ್ಕೆ ಗುರುತು ಹಾಕಿದರು. ಏಪ್ರಿಲ್‌ನಲ್ಲಿ, ಸಯೀದ್ ಪಾಠ ಮಾಡಿದ ಅದೇ ಕೊಲಂಬಿಯಾದ ಹುಲ್ಲುಹಾಸಿನ ಮೇಲೆ ಯುದ್ಧವನ್ನು ಪ್ರತಿಭಟಿಸುವ ವಿದ್ಯಾರ್ಥಿಗಳ ಡೇರೆಗಳು ಎದ್ದವು.

ಈ ಬದಲಾವಣೆಯನ್ನು ಗೆಲುವೆಂದು ಕೊಂಡಾಡಲು ನನಗೆ ಮನಸ್ಸು ಬಾರದು. ಪಿಟ್ಸ್‌ಬರ್ಗಿನ ಸಿನಗಾಗ್‌ನಲ್ಲಿ 2018ರಲ್ಲಿ ಹನ್ನೊಂದು ಮಂದಿಯನ್ನು ಕಳೆದುಕೊಂಡ ಯಹೂದಿ ಸಮುದಾಯದ ಭಯ ಸುಳ್ಳಲ್ಲ. 2025ರ ಮೇ ತಿಂಗಳಲ್ಲಿ ವಾಷಿಂಗ್ಟನ್‌ನ ಬೀದಿಯಲ್ಲಿ ಇಸ್ರೇಲ್ ರಾಯಭಾರ ಕಚೇರಿಯ ಇಬ್ಬರು ಯುವ ನೌಕರರು ಗುಂಡಿಗೆ ಬಲಿಯಾದರು. ಇಲಿನಾಯ್‌ನಲ್ಲಿ ಆರು ವರ್ಷದ ಪ್ಯಾಲೆಸ್ಟೀನಿ ಮೂಲದ ಬಾಲಕನನ್ನು ಮನೆಯ ಮಾಲೀಕನೇ ಇರಿದು ಕೊಂದದ್ದು 2023ರ ಅಕ್ಟೋಬರ್‌ನಲ್ಲಿ. ಯಾರ ಕಡೆ ಎಂದು ಕೇಳುವ ಪ್ರಶ್ನೆಗೆ ಇಬ್ಬರ ಸಾವಿಗೂ ಅಳುವವರು ಏನು ಉತ್ತರ ಕೊಡಬೇಕು? ಗ್ಯಾಲಪ್‌ನ ಲೆಕ್ಕದಲ್ಲಿ 2025ರ ಫೆಬ್ರುವರಿಯಲ್ಲಿ ಇಸ್ರೇಲಿಗರ ಕಡೆ ಶೇ 46, ಪ್ಯಾಲೆಸ್ಟೀನಿಯರ ಕಡೆ ಶೇ 33. ಉಳಿದ ಶೇ 21 ಮಂದಿ ಎರಡರಲ್ಲಿ ಒಂದನ್ನು ಆರಿಸಲಿಲ್ಲ. ಅವರಲ್ಲಿ ಗೊತ್ತಿಲ್ಲದವರೂ, ಬೇಡವಾದವರೂ ಇರಬಹುದು. ಎರಡೂ ಕಡೆ ಮನಸ್ಸು ಸುಡುತ್ತಿರುವವರೂ ಇದ್ದಾರೆಂದು ನಾನು ನಂಬುತ್ತೇನೆ.

ಬದಲಾವಣೆ ಡೆಮಾಕ್ರಟರಿಗೆ ಮಾತ್ರ ಸೀಮಿತವೂ ಅಲ್ಲ. ಪ್ಯೂ ಸಂಸ್ಥೆಯ 2025ರ ಸಮೀಕ್ಷೆಯಲ್ಲಿ ಐವತ್ತರ ಒಳಗಿನ ರಿಪಬ್ಲಿಕನ್ನರಲ್ಲೇ ಅರ್ಧದಷ್ಟು ಮಂದಿಗೆ ಇಸ್ರೇಲ್ ಬಗ್ಗೆ ಒಳ್ಳೆಯ ಅಭಿಪ್ರಾಯವಿರಲಿಲ್ಲ. ಆ ಸೆಪ್ಟೆಂಬರ್‌ನಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಮತ್ತು ಸಿಯೆನಾ ಸಂಸ್ಥೆ ಸೇರಿ ನಡೆಸಿದ ಸಮೀಕ್ಷೆಯಲ್ಲಿ ಶೇ 35 ಪ್ಯಾಲೆಸ್ಟೀನಿಯರ ಕಡೆ, ಶೇ 34 ಇಸ್ರೇಲ್ ಕಡೆ. 2023ರಲ್ಲಿ ಅದೇ ಸಮೀಕ್ಷೆಯಲ್ಲಿ ಅವು 20 ಮತ್ತು 47 ಆಗಿದ್ದವು.

ಜನರ ಮನಸ್ಸು ಹೀಗೆ ತಿರುಗಿದರೂ ಸಂಸತ್ತಿನ ಗಡಿಯಾರ ನಿಧಾನ. 2016ರ ಒಪ್ಪಂದದಂತೆ ಅಮೆರಿಕ ಹತ್ತು ವರ್ಷಗಳಲ್ಲಿ ಇಸ್ರೇಲಿಗೆ 3,800 ಕೋಟಿ ಡಾಲರ್ ಸೇನಾ ನೆರವು ಕೊಡಬೇಕು. 2025ರ ಜುಲೈ 29ರಂದು ಗ್ಯಾಲಪ್ ಹೊಸ ಅಂಕಿ ಹೊರಡಿಸಿತು: ಗಾಜಾದ ಕಾರ್ಯಾಚರಣೆಯನ್ನು ಒಪ್ಪುವವರು ಶೇ 32, ಒಪ್ಪದವರು ಶೇ 60. ಮರುದಿನ ಸೆನೆಟ್‌ನಲ್ಲಿ ಬರ್ನಿ ಸ್ಯಾಂಡರ್ಸ್ ಇಸ್ರೇಲಿಗೆ ರೈಫಲ್ ಮಾರಾಟ ತಡೆಯುವ ಠರಾವು ಮಂಡಿಸಿದರು. ಹುಟ್ಟಿನಿಂದ ಯಹೂದಿಯಾದ ಅವರು ಯೌವನದಲ್ಲಿ ಕೆಲವು ತಿಂಗಳು ಇಸ್ರೇಲಿನ ಕಿಬ್ಬುಟ್ಸ್ ಒಂದರಲ್ಲಿ ದುಡಿದವರು. ಏಪ್ರಿಲ್‌ನಲ್ಲಿ ಇಂಥದೇ ಠರಾವಿಗೆ ಹದಿನೈದು ಮತ ಬಿದ್ದಿತ್ತು. ಈ ಸಲ ಡೆಮಾಕ್ರಟಿಕ್ ಬಣದ 47 ಮಂದಿಯಲ್ಲಿ 27 ಮಂದಿ ಪರವಾಗಿ ನಿಂತರು. ವಿರುದ್ಧ ಬಿದ್ದ ಮತ 70.