ಆಲಿಸುವ ಕಾಯಕ

ಬೀದರ ಜಿಲ್ಲೆಯ ಬಸವಕಲ್ಯಾಣವು ಒಂದು ಕಾಲದಲ್ಲಿ ಚಾಲುಕ್ಯ ಅರಸರ ರಾಜಧಾನಿಯಾಗಿ ಮೆರೆದ ನಗರ. ಆದರೆ ಇಂದು ನಾಡಿನ ಜನರು ಅದನ್ನು ಹೆಚ್ಚಾಗಿ ನೆನೆಯುವುದು ಅರಸರ ವೈಭವಕ್ಕಾಗಿ ಅಲ್ಲ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿ ನಡೆದ ಮಾತುಕತೆಗಾಗಿ. ಬಸವಣ್ಣನವರ ಅನುಭವ ಮಂಟಪದಲ್ಲಿ ಅಲ್ಲಮಪ್ರಭುಗಳ ಅಧ್ಯಕ್ಷತೆಯಲ್ಲಿ ಶರಣ ಶರಣೆಯರು ನೆರೆಯುತ್ತಿದ್ದರೆಂದು ಪರಂಪರೆಯು ಹೇಳುತ್ತದೆ. ಅಲ್ಲಿ ಮಂತ್ರಿಯೂ ಕೂಲಿಯವನೂ, ಪುರುಷನೂ ಸ್ತ್ರೀಯೂ ತಮ್ಮ ಅನುಭವವನ್ನು ನುಡಿಯಬಹುದಾಗಿತ್ತು. ಉಳಿದವರು ಅದನ್ನು ಆಲಿಸುತ್ತಿದ್ದರು.

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ಎಂಬ ದಂಪತಿಗಳ ಕಥೆ ಪ್ರಸಿದ್ಧವಾದುದು. ಬಿದ್ದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಈ ಆಸೆ ಎಲ್ಲಿಂದ ಬಂದಿತೆಂದು ಲಕ್ಕಮ್ಮ ಕೇಳಿದಳು. ಮಾರಯ್ಯನು ಹೆಚ್ಚಿನ ಅಕ್ಕಿಯನ್ನು ಹಿಂದಿರುಗಿಸಿ ಬಂದನು. ಮಡದಿಯು ಮನಸ್ಸಿನಲ್ಲಿದ್ದುದನ್ನು ಅಂಜದೆ ಹೇಳಿದಳು. ಪತಿಯು ಅದನ್ನು ಅವಮಾನವೆಂದು ತಿಳಿಯದೆ ಕೇಳಿದನು. ಹೇಳುವ ಧೈರ್ಯ, ಕೇಳುವ ತಾಳ್ಮೆ ಇವೆರಡೂ ಕೂಡಿದ ಮನೆ ಅದು.

ಎಲ್ಲ ಮನೆಗಳೂ ಹಾಗಿರುವುದಿಲ್ಲ. ಮಾತು ನಿಂತುಹೋದ ಮನೆಗಳಲ್ಲಿ ಅದನ್ನು ಮರಳಿ ಹರಿಯುವಂತೆ ಮಾಡುವ ವೃತ್ತಿಯೊಂದು ಆಧುನಿಕ ಕಾಲದಲ್ಲಿ ಬೆಳೆದುಬಂದಿದೆ. ಅದೇ ಆಪ್ತಸಮಾಲೋಚನೆ. ಅನುಭವ ಮಂಟಪದ ಗುರಿ ಆಧ್ಯಾತ್ಮಿಕವಾದುದು, ಆಪ್ತಸಮಾಲೋಚನೆಯ ಗುರಿ ಮಾನಸಿಕ ಸ್ವಾಸ್ಥ್ಯ. ಆದರೂ ಎರಡಕ್ಕೂ ತಳಹದಿ ಒಂದೇ: ಮನುಷ್ಯನ ಮಾತು ಗೌರವದಿಂದ ಕೇಳಲು ಯೋಗ್ಯವಾದುದು ಎಂಬ ನಂಬಿಕೆ.

ಬಸವಕಲ್ಯಾಣದ ನೆರೆಯ ಹುಮನಾಬಾದ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಒಬ್ಬ ಬಾಲಕನಿರುವನೆಂದು ಊಹಿಸಿಕೊಳ್ಳಬಹುದು. ಪುಣೆ–ಹೈದರಾಬಾದ್ ಹೆದ್ದಾರಿಯು ಹುಮನಾಬಾದಿನ ಮೂಲಕವೇ ಹಾದುಹೋಗುತ್ತದೆ. ಆ ದಾರಿಯಲ್ಲಿಯೇ ಅವನ ತಂದೆ ದುಡಿಮೆಗೆಂದು ಹೈದರಾಬಾದಿಗೆ ಹೋಗಿದ್ದಾನೆ. ಮುಂದಿನ ಬೆಂಚಿನಲ್ಲಿ ಕುಳಿತು ಉತ್ಸಾಹದಿಂದ ಓದುತ್ತಿದ್ದ ಬಾಲಕ ಈಗ ಹಿಂದಿನ ಬೆಂಚಿಗೆ ಸರಿದಿದ್ದಾನೆ. ಅಂಕಗಳು ಇಳಿದಿವೆ, ಆಗಾಗ ತಲೆನೋವೆಂದು ಮಲಗುತ್ತಾನೆ, ಯಾರೊಡನೆಯೂ ಮಾತಿಲ್ಲ. ಶಾಲೆಯಲ್ಲಿ ಅವನನ್ನು ಸೋಮಾರಿ ಎನ್ನುತ್ತಾರೆ. ಮನೆಯಲ್ಲಿ ಅಜ್ಜಿಯು ದೃಷ್ಟಿ ತಗುಲಿತೆಂದು ತಾಯಿತ ಕಟ್ಟಿಸುತ್ತಾಳೆ. ಎಲ್ಲರೂ ಅವನ ವಿಷಯವಾಗಿ ಮಾತನಾಡುವವರೇ. ಅವನನ್ನು ಕೇಳಿದವರು ಮಾತ್ರ ಯಾರೂ ಇಲ್ಲ.

ಇಂತಹ ಬಾಲಕನು ತನ್ನ ಬಳಿಗೆ ಬಂದಾಗ ಸಮಾಲೋಚಕಿಯು ಮೊದಲು ಉಪದೇಶ ಮಾಡುವುದಿಲ್ಲ. ದೇಹದ ಕಾಯಿಲೆಯೇನಾದರೂ ಇದೆಯೇ ಎಂಬುದನ್ನು ವೈದ್ಯರಿಂದ ಪರೀಕ್ಷಿಸಿಕೊಳ್ಳಲು ಹೇಳುತ್ತಾಳೆ. ಅನಂತರ ಅವನ ದಿನಚರಿ, ನಿದ್ರೆ, ಗೆಳೆಯರು, ಇಷ್ಟದ ಆಟ ಇವುಗಳನ್ನು ಕುರಿತು ನಿಧಾನವಾಗಿ ವಿಚಾರಿಸುತ್ತಾಳೆ. ಮೌನವಾಗಿದ್ದರೆ ಅವಸರಪಡಿಸುವುದಿಲ್ಲ. ತೀರ ಚಿಕ್ಕ ಮಕ್ಕಳಾದರೆ ಬಣ್ಣ, ಜೇಡಿಮಣ್ಣು, ಗೊಂಬೆಗಳನ್ನು ಮುಂದಿಡುತ್ತಾಳೆ. ಬಾಯಲ್ಲಿ ಹೇಳಲಾರದುದನ್ನು ಮಗು ಆಟದಲ್ಲಿ ಹೇಳುತ್ತದೆ. ಗಡಿಭಾಗವಾದ ಬೀದರ ಜಿಲ್ಲೆಯಲ್ಲಿ ಕನ್ನಡದೊಡನೆ ಮರಾಠಿ, ಉರ್ದು, ತೆಲುಗು, ಲಂಬಾಣಿ ಭಾಷೆಗಳೂ ಮನೆಮಾತುಗಳಾಗಿವೆ. ಅಳುವು ಯಾವ ಭಾಷೆಯಲ್ಲಿ ಬರುವುದೋ ಆ ಭಾಷೆಯನ್ನು ಬಲ್ಲವರು ದೊರೆತರೆ ಅರ್ಧ ಭಾರ ಇಳಿದಂತೆಯೇ ಸರಿ.

ಬಾಲಕನು ಕೊನೆಗೊಮ್ಮೆ ಬಾಯಿಬಿಡುತ್ತಾನೆ. ತಂದೆಯು ಬಂದಾಗಲೆಲ್ಲ ಹಣಕ್ಕಾಗಿ ಮನೆಯಲ್ಲಿ ಜಗಳ. ಅದಕ್ಕೆ ತನ್ನ ಶಾಲೆಯ ಖರ್ಚೇ ಕಾರಣವೆಂದು ಅವನು ತಿಳಿದಿದ್ದಾನೆ! ಈಗ ಅವನೊಬ್ಬನಿಗೇ ಸಮಾಧಾನ ಹೇಳಿದರೆ ಸಾಲದು, ಮನೆಯವರೂ ಬರಬೇಕು.

ಈ ಸತ್ಯವನ್ನು ಮನಗಂಡವರಲ್ಲಿ ಅಮೆರಿಕದ ವರ್ಜೀನಿಯಾ ಸಟೀರ್ ಎಂಬಾಕೆ ಪ್ರಮುಖರು. ಆಕೆ ಮೊದಲು ಶಾಲಾ ಶಿಕ್ಷಕಿಯಾಗಿದ್ದವರು. ಮಕ್ಕಳನ್ನು ಅರಿಯಲು ಅವರ ಮನೆಗಳಿಗೇ ಹೋಗುತ್ತಿದ್ದರು. 1950ರ ದಶಕದ ಆರಂಭದಲ್ಲಿ ಅವರ ಚಿಕಿತ್ಸೆಯಿಂದ ಯುವತಿಯೊಬ್ಬಳು ಚೇತರಿಸಿಕೊಳ್ಳುತ್ತಿದ್ದಳು. ಆಕೆಯ ತಾಯಿ ಆಕ್ಷೇಪಿಸಿದಾಗ ಸಟೀರ್ ತಾಯಿಯನ್ನೂ ಕರೆಸಿದರು. ತಾಯಿಯ ಎದುರು ಮಗಳು ಮತ್ತೆ ಮೊದಲಿನಂತೆಯೇ ಆದಳು. ಬಳಿಕ ತಂದೆ, ಆಮೇಲೆ ಸಹೋದರ, ಹೀಗೆ ಇಡೀ ಕುಟುಂಬವೇ ಬಂದು ಕುಳಿತಾಗ ನೋವಿನ ಬೇರು ಕಂಡಿತು. ಈ ಬಗೆಯ ಕುಟುಂಬ ಚಿಕಿತ್ಸೆಯನ್ನು ಕುರಿತು ಅವರು 1964ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಭಾರತದಲ್ಲಿಯೂ ಅಮೃತಸರದ ವೈದ್ಯರಾದ ವಿದ್ಯಾಸಾಗರರು 1950ರ ದಶಕದಲ್ಲಿ ಮನೋರೋಗಿಗಳ ಬಂಧುಗಳನ್ನು ಆಸ್ಪತ್ರೆಯ ಆವರಣದ ಡೇರೆಗಳಲ್ಲಿಯೇ ಇರಿಸಿಕೊಂಡು ಚಿಕಿತ್ಸೆಯಲ್ಲಿ ಪಾಲುಗೊಳಿಸಿದರು.

ದಂಪತಿಗಳ ಸಮಾಲೋಚನೆ ಇನ್ನೂ ಸೂಕ್ಷ್ಮವಾದುದು. ಸಮಾಲೋಚಕಿಯು ನ್ಯಾಯಾಧೀಶಳಲ್ಲ, ತಪ್ಪು ಯಾರದೆಂದು ತೀರ್ಪು ಕೊಡುವುದಿಲ್ಲ. ಒಬ್ಬರು ಮಾತನಾಡುವಾಗ ಇನ್ನೊಬ್ಬರು ತಡೆಯುವಂತಿಲ್ಲ. ಕೇಳಿದವರು ತಾವು ಕೇಳಿದ್ದನ್ನು ಮತ್ತೆ ಹೇಳಿ, ಸರಿಯಾಗಿ ತಿಳಿದಿರುವೆವೇ ಎಂದು ಖಚಿತಪಡಿಸಿಕೊಳ್ಳಬೇಕು. ಎಷ್ಟೋ ವರ್ಷ ಒಂದೇ ಸೂರಿನಡಿ ಬಾಳಿದವರು ಅಲ್ಲಿ ಮೊದಲ ಬಾರಿಗೆ ಪರಸ್ಪರರ ಮಾತನ್ನು ಪೂರ್ಣವಾಗಿ ಕೇಳುವುದುಂಟು. ಆದರೆ ಹೊಡೆತ, ಬೆದರಿಕೆ ಇರುವಲ್ಲಿ ಹೊಂದಾಣಿಕೆಗಿಂತ ಮೊದಲು ರಕ್ಷಣೆ ಮುಖ್ಯ. 1984ರ ಕುಟುಂಬ ನ್ಯಾಯಾಲಯಗಳ ಕಾಯಿದೆಯು ನ್ಯಾಯಾಲಯಗಳಲ್ಲಿಯೂ ಸಮಾಲೋಚಕರಿಗೆ ಸ್ಥಾನವನ್ನು ಕಲ್ಪಿಸಿದೆ.

ಗೋಪ್ಯತೆಯು ಈ ವೃತ್ತಿಯ ಪ್ರಾಣ. ಕೋಣೆಯಲ್ಲಿ ಆಡಿದ ಮಾತು ಹೊರಗೆ ಹೋಗದು. ಅದಕ್ಕೆ ಮುಖ್ಯವಾದ ಅಪವಾದವೊಂದುಂಟು: ಜೀವಕ್ಕೆ ಅಪಾಯವಿದ್ದರೆ, ಅಥವಾ ಮಗುವಿಗೆ ಯಾರಿಂದಲಾದರೂ ಹಿಂಸೆಯಾಗುತ್ತಿದ್ದರೆ, ರಕ್ಷಿಸಬಲ್ಲವರಿಗೆ ತಿಳಿಸಲೇಬೇಕು. ಉತ್ತಮ ಸಮಾಲೋಚಕರು ಇದನ್ನು ಮೊದಲ ದಿನವೇ ತಿಳಿಸಿಬಿಡುತ್ತಾರೆ.

ಕರ್ನಾಟಕದಲ್ಲಿ ಈ ಜ್ಞಾನಶಾಖೆಗೆ ದೀರ್ಘ ಇತಿಹಾಸವಿದೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿ ಮನಶ್ಶಾಸ್ತ್ರ ವಿಭಾಗ ಆರಂಭವಾಯಿತು. ಬೆಂಗಳೂರಿನಲ್ಲಿ 1954ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು 1974ರಲ್ಲಿ ಅಲ್ಲಿನ ಮಾನಸಿಕ ಆಸ್ಪತ್ರೆಯೊಡನೆ ಕೂಡಿ ‘ನಿಮ್ಹಾನ್ಸ್’ ಆಯಿತು. ಮನೋವೈದ್ಯರು ಊರೂರಿಗೆ ದೊರೆಯದ ದೇಶದಲ್ಲಿ ಆರೋಗ್ಯ ಕಾರ್ಯಕರ್ತರಿಗೇ ತರಬೇತಿ ನೀಡಬಹುದೆಂಬುದನ್ನು ಆ ಸಂಸ್ಥೆಯು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ತೋರಿಸಿಕೊಟ್ಟಿತು. ಅದೇ ಮಾದರಿಯಲ್ಲಿ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಮೊದಲಾಯಿತು. 2022ರ ಅಕ್ಟೋಬರ್ 10ರಂದು ‘ಟೆಲಿ ಮಾನಸ್’ ಸೇವೆ ಆರಂಭಗೊಂಡಿತು. 14416 ಎಂಬ ಸಂಖ್ಯೆಗೆ ಯಾರೇ ಆಗಲಿ, ಹಗಲಿರುಳೆನ್ನದೆ, ಖರ್ಚಿಲ್ಲದೆ, ಕನ್ನಡದಲ್ಲಿಯೇ ಮಾತನಾಡಬಹುದು. ಮಕ್ಕಳ ಸಹಾಯವಾಣಿಯ ಸಂಖ್ಯೆ 1098.

ಈ ವೃತ್ತಿಯನ್ನು ಕೈಗೊಳ್ಳಬಯಸುವವರು ಮನಶ್ಶಾಸ್ತ್ರ ಅಥವಾ ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡಿ, ಅನುಭವಿಗಳ ಮೇಲ್ವಿಚಾರಣೆಯಲ್ಲಿ ಪಳಗಬೇಕಾಗುತ್ತದೆ. ಔಷಧಿ ಬರೆಯುವುದು ಮನೋವೈದ್ಯರ ಕೆಲಸ. ಅದರ ಅಗತ್ಯ ಕಂಡಾಗ ಅವರ ಬಳಿಗೆ ಕಳುಹಿಸುವ ವಿವೇಕ ಸಮಾಲೋಚಕರಿಗಿರಬೇಕು. ದಿನವಿಡೀ ಪರರ ದುಃಖವನ್ನು ಕೇಳಿಯೂ ಕುಗ್ಗದಿರುವ ಬಲವನ್ನು ಅವರು ಗಳಿಸಿಕೊಳ್ಳಬೇಕು. ಎಲ್ಲರ ನೋವೂ ಅವರಿಂದ ಮಾಯವಾಗುವುದಿಲ್ಲ. ಹುಮನಾಬಾದ ತಾಲ್ಲೂಕಿನ ಆ ಬಾಲಕನ ಮನೆಯ ಬಡತನವನ್ನು ಯಾವ ಸಮಾಲೋಚಕಿಯೂ ನೀಗಿಸಲಾರಳು. ಆದರೆ ಜಗಳಕ್ಕೆ ತಾನು ಕಾರಣನಲ್ಲವೆಂಬುದನ್ನು ತಂದೆಯ ಬಾಯಿಂದಲೇ ಕೇಳಿದ ದಿನ ಆ ಬಾಲಕನ ಎದೆಯ ಮೇಲಿನ ಕಲ್ಲು ಇಳಿಯುತ್ತದೆ.

ಜ್ವರ ಬಂದಾಗ ವೈದ್ಯರ ಬಳಿಗೆ ಹೋಗಲು ಯಾರೂ ನಾಚುವುದಿಲ್ಲ. ಮನಸ್ಸು ಬಳಲಿದಾಗ ನೆರವು ಕೇಳುವುದೂ ನಾಚಿಕೆಯ ವಿಷಯವಲ್ಲ. ಗೆಳೆಯನೊಬ್ಬ ಇದ್ದಕ್ಕಿದ್ದಂತೆ ಮೌನಿಯಾದರೆ ಅವನನ್ನು ಹಾಸ್ಯಮಾಡದೆ ಬಳಿಯಲ್ಲಿ ಕುಳಿತು ಕೇಳುವುದು, ಭಾರ ದೊಡ್ಡದೆಂದು ಕಂಡರೆ ನಂಬಿಕೆಯ ಹಿರಿಯರಿಗೆ ತಿಳಿಸುವುದು ವಿದ್ಯಾರ್ಥಿಗಳಿಂದಲೂ ಸಾಧ್ಯ. ಕಾಯಕಕ್ಕೆ ಹೆಸರಾದ ಕಲ್ಯಾಣದ ನಾಡಿನಲ್ಲಿ ಆಲಿಸುವುದೂ ಒಂದು ಕಾಯಕವೇ.