ಪ್ರಶ್ನೆ ಬರೆದವರು ಯಾರು?



ಸಂತೆಯಲ್ಲಿ ಈರುಳ್ಳಿ ತೂಗುವ ಕಬ್ಬಿಣದ ತೂಕದ ಬಟ್ಟನ್ನು ನೀವು ನೋಡಿರುತ್ತೀರಿ. ಮುಂದಿನ ಸಲ ಹೋದಾಗ ಅಂಗಡಿಯವರನ್ನು ಕೇಳಿ, ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿ. ಅದರಲ್ಲಿ ಒಂದು ಸಣ್ಣ ಕುಳಿ ಇದ್ದು, ಅದಕ್ಕೆ ಸೀಸ ತುಂಬಿರುತ್ತಾರೆ. ಆ ಸೀಸದ ಮೇಲೆ ಸರ್ಕಾರದ ಮುದ್ರೆ ಇರುತ್ತದೆ. ಈ ಬಟ್ಟನ್ನು ಪರೀಕ್ಷಿಸಲಾಗಿದೆ, ಇದರ ತೂಕ ಸರಿಯಾಗಿದೆ ಎಂಬುದು ಆ ಮುದ್ರೆಯ ಅರ್ಥ. ಕಾನೂನು ಮಾಪನಶಾಸ್ತ್ರ ಇಲಾಖೆಯವರಿಂದ ಎರಡು ವರ್ಷಕ್ಕೊಮ್ಮೆ ಮತ್ತೆ ಮುದ್ರೆ ಹಾಕಿಸಬೇಕು.

ಪರೀಕ್ಷೆಯೂ ಒಂದು ಅಳತೆಯ ಸಾಧನವೇ. ತಕ್ಕಡಿ ತೂಕವನ್ನು ಅಳೆಯುತ್ತದೆ. ಪ್ರಶ್ನೆಪತ್ರಿಕೆ ಕಲಿಕೆಯನ್ನು ಅಳೆಯುತ್ತದೆ. ಹಾಗಾದರೆ ಪ್ರಶ್ನೆಪತ್ರಿಕೆ ಸರಿಯಾಗಿದೆ ಎಂದು ತಿಳಿಯುವುದು ಹೇಗೆ? ಅದನ್ನು ತಯಾರಿಸಲು ಯಂತ್ರದ ನೆರವು ಪಡೆದಿದ್ದರೆ, ಆ ವಿಷಯವನ್ನು ಪರೀಕ್ಷೆ ಬರೆಯುವವರಿಗೆ ತಿಳಿಸಬೇಕೇ? 2025ರಲ್ಲಿ ಅಮೆರಿಕದಲ್ಲಿ ಈ ಪ್ರಶ್ನೆ ದೊಡ್ಡ ಚರ್ಚೆಯಾಯಿತು.

ಪರವಾನಗಿ ಪರೀಕ್ಷೆ ಏಕೆ ಬೇಕು?

ಕೆಲವು ವೃತ್ತಿಗಳನ್ನು ಯಾರು ಬೇಕಾದರೂ ಮಾಡುವಂತಿಲ್ಲ. ಔಷಧ ತಿಳಿಯದ ವೈದ್ಯರಿಂದ ರೋಗಿಗೆ ಅಪಾಯ. ಕಾನೂನು ತಿಳಿಯದ ವಕೀಲರಿಂದ ಕಕ್ಷಿದಾರರು ಜಮೀನು ಕಳೆದುಕೊಳ್ಳಬಹುದು. ಆದ್ದರಿಂದ ಇಂಥ ವೃತ್ತಿಗಳಿಗೆ ಪರವಾನಗಿ ಬೇಕು. ನಮ್ಮ ದೇಶದಲ್ಲಿ ಬಾರ್ ಕೌನ್ಸಿಲ್ ಆಫ್ ಇಂಡಿಯಾ 2011ರಿಂದ ವಕೀಲರಿಗೆ ಅಖಿಲ ಭಾರತ ಮಟ್ಟದ ಪರೀಕ್ಷೆ ನಡೆಸುತ್ತಿದೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಈ ಕೆಲಸ ‘ಸ್ಟೇಟ್ ಬಾರ್ ಆಫ್ ಕ್ಯಾಲಿಫೋರ್ನಿಯಾ’ ಎಂಬ ಸಂಸ್ಥೆಯದು. ಅದರ ಮೇಲ್ವಿಚಾರಣೆ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯದ್ದು.

ಇಂಥ ಪರೀಕ್ಷೆ ತಪ್ಪಾಗಿ ಅಳೆದರೆ ಎರಡು ಕಡೆ ನಷ್ಟ. ಅರ್ಹರು ಅನುತ್ತೀರ್ಣರಾದರೆ ಅವರ ವರ್ಷಗಳ ಶ್ರಮ ವ್ಯರ್ಥ. ಅನರ್ಹರು ಉತ್ತೀರ್ಣರಾದರೆ ಜನರಿಗೆ ತೊಂದರೆ.

ಕ್ಯಾಲಿಫೋರ್ನಿಯಾದಲ್ಲಿ ಏನಾಯಿತು?

2025ರ ಫೆಬ್ರವರಿ 25 ಮತ್ತು 26ರಂದು ಅಲ್ಲಿ ವಕೀಲರ ಪರೀಕ್ಷೆ ನಡೆಯಿತು. ಹಲವರಿಗೆ ಕಂಪ್ಯೂಟರ್ ತೊಂದರೆ ಕೊಟ್ಟಿತು. ಕೆಲವರಿಗೆ ಪರೀಕ್ಷೆಯೊಳಗೆ ಪ್ರವೇಶವೇ ಸಿಗಲಿಲ್ಲ, ಇನ್ನು ಕೆಲವರ ಪರದೆ ನಡುವೆಯೇ ನಿಂತುಹೋಯಿತು. ಇದರ ಗಲಾಟೆ ನಡೆಯುತ್ತಿರುವಾಗಲೇ ಏಪ್ರಿಲ್ 21ರಂದು, ಅಂದರೆ ಪರೀಕ್ಷೆ ಮುಗಿದು 54 ದಿನಗಳ ಮೇಲೆ, ಸ್ಟೇಟ್ ಬಾರ್ ಇನ್ನೊಂದು ವಿಷಯ ಪ್ರಕಟಿಸಿತು. ಕೆಲವು ಪ್ರಶ್ನೆಗಳನ್ನು ಕೃತಕ ಬುದ್ಧಿಮತ್ತೆಯ ನೆರವಿನಿಂದ ತಯಾರಿಸಲಾಗಿತ್ತು!

ಲೆಕ್ಕ ಹೀಗಿದೆ. ಬಹು ಆಯ್ಕೆಯ ಪ್ರಶ್ನೆಗಳು ಒಟ್ಟು 200. ಅವುಗಳಲ್ಲಿ ಅಂಕಕ್ಕೆ ಪರಿಗಣಿಸಿದ್ದು 171. ಈ 171ರಲ್ಲಿ 100 ಪ್ರಶ್ನೆಗಳನ್ನು ಕ್ಯಾಪ್ಲನ್ ಎಂಬ ಸಂಸ್ಥೆ ಬರೆದಿತ್ತು. 48 ಪ್ರಶ್ನೆಗಳನ್ನು ಕಾನೂನು ಓದುವ ಮೊದಲ ವರ್ಷದ ವಿದ್ಯಾರ್ಥಿಗಳ ಪರೀಕ್ಷೆಯಿಂದ ಆರಿಸಲಾಗಿತ್ತು. ಉಳಿದ 23 ಪ್ರಶ್ನೆಗಳನ್ನು ಎಸಿಎಸ್ ವೆಂಚರ್ಸ್ ಎಂಬ ಸಂಸ್ಥೆ ಕೃತಕ ಬುದ್ಧಿಮತ್ತೆಯ ನೆರವಿನಿಂದ ತಯಾರಿಸಿತ್ತು. ಕೂಡಿಸಿ ನೋಡಿ, ಸರಿಹೊಂದುತ್ತದೆಯೇ? ಶೇಕಡಾ ಎಷ್ಟಾಯಿತು ಎಂಬುದನ್ನೂ ಲೆಕ್ಕ ಹಾಕಿ.

ಪರೀಕ್ಷೆ ಬರೆದವರಿಗೆ ಇದು ಮೊದಲು ಗೊತ್ತಿರಲಿಲ್ಲ. ಅಷ್ಟೇ ಅಲ್ಲ, ಮೇಲ್ವಿಚಾರಣೆ ಮಾಡುವ ನ್ಯಾಯಾಲಯಕ್ಕೂ ಆ ಪ್ರಕಟಣೆ ಹೊರಬೀಳುವವರೆಗೆ ಗೊತ್ತಿರಲಿಲ್ಲ. ನ್ಯಾಯಾಲಯ ವಿವರಣೆ ಕೇಳಿತು. ಎಲ್ಲ ಪ್ರಶ್ನೆಗಳನ್ನೂ ವಿಷಯ ತಜ್ಞರು ಪರಿಶೀಲಿಸಿದ್ದಾರೆ ಎಂದು ಸ್ಟೇಟ್ ಬಾರ್ ಹೇಳಿತು. ಜುಲೈ 2025ರ ಪರೀಕ್ಷೆಯನ್ನು ಕೇಂದ್ರಗಳಲ್ಲೇ, ಹಿಂದೆ ಬಳಸುತ್ತಿದ್ದ ರಾಷ್ಟ್ರಮಟ್ಟದ ಬಹು ಆಯ್ಕೆ ಪ್ರಶ್ನೆಗಳನ್ನು ಬಳಸಿ ನಡೆಸುವಂತೆ ನ್ಯಾಯಾಲಯ ಆದೇಶಿಸಿತು.

ಯಂತ್ರ ಪ್ರಶ್ನೆ ಬರೆಯುವುದು ಹೇಗೆ?

ಬರಹ ತಯಾರಿಸುವ ಕೃತಕ ಬುದ್ಧಿಮತ್ತೆಗೆ ಮೊದಲು ಅಪಾರ ಪ್ರಮಾಣದ ಬರಹಗಳನ್ನು ಒದಗಿಸುತ್ತಾರೆ. ಯಾವ ಪದದ ನಂತರ ಯಾವ ಪದ ಬರುವ ಸಾಧ್ಯತೆ ಹೆಚ್ಚು ಎಂಬುದನ್ನು ಅದು ಅವುಗಳಿಂದ ಕಲಿಯುತ್ತದೆ. ಹೀಗೆ ಕಲಿತದ್ದನ್ನು ಬಳಸಿ ಹೊಸ ವಾಕ್ಯ ಕಟ್ಟುತ್ತದೆ. ವಾಕ್ಯ ಚೆನ್ನಾಗಿರುತ್ತದೆ, ಆದರೆ ಅದು ನಿಜವೇ ಆಗಿರುತ್ತದೆ ಎಂಬ ಖಾತ್ರಿ ಇಲ್ಲ.

ಈ ಪ್ರಶ್ನೆ ನೋಡಿ:

ಇವುಗಳಲ್ಲಿ ಮೊಟ್ಟೆ ಇಡುವ ಪ್ರಾಣಿ ಯಾವುದು?
ಅ) ಹಸು  ಆ) ಮೊಸಳೆ  ಇ) ಬಾವಲಿ  ಈ) ಆಮೆ

ಓದಲು ಏನೂ ತೊಂದರೆಯಿಲ್ಲ. ಆದರೆ ಮೊಸಳೆ, ಆಮೆ ಎರಡೂ ಮೊಟ್ಟೆ ಇಡುತ್ತವೆ! ಉತ್ತರಪಟ್ಟಿಯಲ್ಲಿ ‘ಈ’ ಎಂದಿದ್ದರೆ ‘ಆ’ ಎಂದು ಬರೆದವರಿಗೆ ಅನ್ಯಾಯ. ಇಂಥ ತಪ್ಪನ್ನು ಮನುಷ್ಯರೂ ಮಾಡುತ್ತಾರೆ. ಹಾಗಾಗಿ ಯಾರೇ ಬರೆದಿರಲಿ, ಪ್ರಶ್ನೆಯನ್ನು ಪರೀಕ್ಷಿಸಲೇಬೇಕು.

ಪ್ರಶ್ನೆಗೇ ಪರೀಕ್ಷೆ!

ಮೊದಲು ವಿಷಯ ಬಲ್ಲವರು ಪ್ರಶ್ನೆಯನ್ನು ಓದಿ ತಪ್ಪು ಹುಡುಕುತ್ತಾರೆ. ಆಮೇಲೆ ಅದನ್ನು ಪ್ರಯೋಗಕ್ಕೆ ಒಡ್ಡಬಹುದು.  ಎಷ್ಟು ಮಂದಿ ಸರಿ ಉತ್ತರಿಸಿದರು, ಯಾರು ಸರಿ ಉತ್ತರಿಸಿದರು ಎಂದು ನೋಡುತ್ತಾರೆ. ಉಳಿದ ಪ್ರಶ್ನೆಗಳಲ್ಲಿ ಹೆಚ್ಚು ಅಂಕ ಪಡೆದವರೇ ಒಂದು ಪ್ರಶ್ನೆಯಲ್ಲಿ ತಪ್ಪಿ, ಕಡಿಮೆ ಅಂಕ ಪಡೆದವರು ಸರಿ ಉತ್ತರಿಸಿದ್ದರೆ, ದೋಷ ಆ ಪ್ರಶ್ನೆಯಲ್ಲಿರಬಹುದು.

ಪ್ರಶ್ನೆಗಳ ಗುಣಮಟ್ಟ ಅಳೆಯುವುದು ಎಸಿಎಸ್ ವೆಂಚರ್ಸ್ ಸಂಸ್ಥೆಯ ಕೆಲಸವಾಗಿತ್ತು. ಅದೇ ಸಂಸ್ಥೆ 23 ಪ್ರಶ್ನೆಗಳನ್ನೂ ತಯಾರಿಸಿತು. ಅಂಗಡಿಯವರೇ ತಮ್ಮ ಬಟ್ಟಿಗೆ ಮುದ್ರೆ ಹಾಕಿಕೊಂಡರೆ ನೀವು ಒಪ್ಪುತ್ತೀರಾ? ಟೀಕೆ ಬಂದದ್ದು ಈ ಕಾರಣಕ್ಕೂ ಹೌದು.

ತಿಳಿಸುವುದರಿಂದ ಏನು ಲಾಭ?

ವಿಜ್ಞಾನಿಗಳು ಫಲಿತಾಂಶ ಪ್ರಕಟಿಸುವಾಗ ಯಾವ ಉಪಕರಣ ಬಳಸಿದೆವು, ಹೇಗೆ ಬಳಸಿದೆವು ಎಂದು ಬರೆಯುತ್ತಾರೆ. ಆಗ ಬೇರೆಯವರು ಅದನ್ನು ಪರಿಶೀಲಿಸಬಹುದು. ಪರೀಕ್ಷೆಗೂ ಇದೇ ಮಾತು ಅನ್ವಯಿಸುತ್ತದೆ. ಯಂತ್ರದ ನೆರವು ಪಡೆದದ್ದು ಮೊದಲೇ ಗೊತ್ತಿದ್ದರೆ, ಪರಿಶೀಲಿಸುವವರು ಯಂತ್ರ ಮಾಡಬಹುದಾದ ತಪ್ಪುಗಳನ್ನು ವಿಶೇಷವಾಗಿ ಹುಡುಕಬಹುದು. ಪರೀಕ್ಷೆ ಬರೆಯುವವರು ತಮ್ಮ ಸಂದೇಹಗಳನ್ನು ಮೊದಲೇ ಕೇಳಬಹುದು. ಆ 23 ಪ್ರಶ್ನೆಗಳು ಚೆನ್ನಾಗಿಯೇ ಇದ್ದಿರಬಹುದು. ಆದರೂ ಹೇಳದೆ ಬಿಟ್ಟದ್ದರಿಂದ ಇಡೀ ಪರೀಕ್ಷೆಯ ಮೇಲೆಯೇ ಜನರಿಗೆ ಸಂಶಯ ಬಂದಿತು.

ನಿಮಗೂ ಇದು ಅನ್ವಯಿಸುತ್ತದೆ. ಪ್ರಾಜೆಕ್ಟ್ ಬರೆಯುವಾಗ ಪುಸ್ತಕದ, ಅಕ್ಕನ ಅಥವಾ ಮೊಬೈಲಿನ ನೆರವು ಪಡೆದಿದ್ದರೆ ಕೊನೆಯಲ್ಲಿ ಒಂದು ಸಾಲು ಬರೆಯಿರಿ. ಯಂತ್ರ ಹೇಳಿದ್ದನ್ನು ಪುಸ್ತಕದಲ್ಲಿ ಹುಡುಕಿ ಖಚಿತಪಡಿಸಿಕೊಂಡ ಮೇಲೆಯೇ ಬಳಸಿ.

ಮಾಡಿ ನೋಡಿ

1. ನಿಮ್ಮ ತರಗತಿಯಲ್ಲಿ ನಾಲ್ಕು ಗುಂಪು ಮಾಡಿ. ಪ್ರತಿ ಗುಂಪು ವಿಜ್ಞಾನ ಪಾಠದಿಂದ ಐದು ಬಹು ಆಯ್ಕೆ ಪ್ರಶ್ನೆಗಳನ್ನು ಬರೆಯಲಿ.
2. ಪ್ರತಿ ಪ್ರಶ್ನೆಯ ಕೆಳಗೆ ಅದನ್ನು ಬರೆದವರು ಯಾರು, ಯಾವುದರ ನೆರವು ಪಡೆದರು ಎಂದು ಗುರುತಿಸಿ.
3. ಗುಂಪುಗಳು ಪ್ರಶ್ನೆಗಳನ್ನು ಅದಲುಬದಲು ಮಾಡಿಕೊಳ್ಳಲಿ. ಪ್ರತಿಯೊಬ್ಬರೂ ಬೇರೆಬೇರೆಯಾಗಿ ಉತ್ತರಿಸಲಿ.
4. ಪ್ರತಿ ಪ್ರಶ್ನೆಗೆ ಎಷ್ಟು ಮಂದಿ ಸರಿ ಉತ್ತರಿಸಿದರು ಎಂದು ಕಪ್ಪುಹಲಗೆಯ ಮೇಲೆ ಕೋಷ್ಟಕ ಬರೆಯಿರಿ.
5. ಎಲ್ಲರೂ ತಪ್ಪಿದ ಪ್ರಶ್ನೆ ಇದ್ದರೆ ಚರ್ಚಿಸಿ: ಪಾಠ ಕಷ್ಟವೇ, ಅಥವಾ ಪ್ರಶ್ನೆಯೇ ತಪ್ಪೇ?

ದೋಷವಿರುವ ಪ್ರಶ್ನೆ ಸಿಕ್ಕರೆ ಅದನ್ನು ತಿದ್ದಿ ಬರೆದು ನಿಮ್ಮ ಶಿಕ್ಷಕರಿಗೆ ತೋರಿಸಿ.