ಅಕಾಲದ ಹವೆ ಮತ್ತು ಶಾಲೆಯ ಮಳೆ ದಾಖಲೆ: ಫೋಂಡಾ ಪರಿಸರದ ಒಂದು ಪಾಠ

ವಸಂತದ ಕೊನೆಯಲ್ಲಿ ಹಿಮ ಬಿದ್ದು ಹಣ್ಣಿನ ತೋಟಗಳು ಹಾಳಾದವು ಎಂಬ ವಾಕ್ಯವನ್ನು ಫೋಂಡಾದ ಕನ್ನಡ ತರಗತಿಯಲ್ಲಿ ಓದಿಸಿದಾಗ ಮಕ್ಕಳು ಅದನ್ನು ಕಂಠಪಾಠ ಮಾಡಬಲ್ಲರು. ಕಣ್ಣ ಮುಂದೆ ತಂದುಕೊಳ್ಳಲಾರರು. ಗೋವೆಯ ತಗ್ಗು ಪ್ರದೇಶದಲ್ಲಿ ಜನವರಿ ತಿಂಗಳ ಇರುಳಿನ ಉಷ್ಣಾಂಶ ಸರಾಸರಿ 20 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುತ್ತದೆ. ಕರಾವಳಿಯ ಯಾವುದೇ ಕೇಂದ್ರದಲ್ಲಿ ಉಷ್ಣಾಂಶ ವಾಡಿಕೆಗಿಂತ ನಾಲ್ಕೂವರೆ ಡಿಗ್ರಿ ತಗ್ಗಿ 15 ಡಿಗ್ರಿಗೆ ಇಳಿದರೆ ಭಾರತ ಹವಾಮಾನ ಇಲಾಖೆ ಅದನ್ನೇ ಶೀತಗಾಳಿ ಎಂದು ಪರಿಗಣಿಸುತ್ತದೆ. ಈ ಮಕ್ಕಳ ಹಿರಿಯರು ಬಂದ ವಿಜಯಪುರ, ಬಾಗಲಕೋಟೆ, ಗದಗ, ಹಾವೇರಿಗಳಲ್ಲಿ ಚಳಿ ಇದಕ್ಕಿಂತ ಹೆಚ್ಚು. ಆದರೂ ನೀರು ಹೆಪ್ಪುಗಟ್ಟುವಷ್ಟಲ್ಲ. ಬೆಂಗಳೂರಿನ ಅತಿ ಕಡಿಮೆ ಉಷ್ಣಾಂಶವೆಂದು ದಾಖಲಾಗಿರುವುದು 1884ರ ಜನವರಿಯ 7.8 ಡಿಗ್ರಿ.

ಕನ್ನಡದ ಶಬ್ದಸಂಪತ್ತಿನಲ್ಲೂ ಇದರ ಗುರುತಿದೆ. ಎಲೆಯ ಮೇಲಿನ ಹನಿಗೆ ಇಬ್ಬನಿ, ಮುಸುಕಿದ ಆವಿಗೆ ಮಂಜು ಅಥವಾ ಕಾವಳ ಎಂದು ಭಾಷೆ ಬೇರೆ ಬೇರೆಯಾಗಿ ಹೆಸರಿಟ್ಟಿದೆ. ಆದರೆ ಆಕಾಶದಿಂದ ಬೀಳುವ ಹಿಮ, ಗಟ್ಟಿಯಾದ ನೀರು, ಹುಲ್ಲಿನ ಮೇಲೆ ಬೆಳ್ಳಗೆ ಕೂರುವ ಹರಳು ಈ ಮೂರಕ್ಕೂ ‘ಹಿಮ’ ಎಂಬ ಒಂದೇ ಮಾತನ್ನು ಬಳಸುವುದುಂಟು. ಪಾಠ ತೊಡಗುವ ಮುನ್ನವೇ ಅಧ್ಯಾಪಕರು ಈ ಗೊಂದಲವನ್ನು ಬಿಡಿಸುವುದು ಒಳ್ಳೆಯದು. ಇಲ್ಲಿ ಮೂರನೆಯದನ್ನು ನೆಲಹಿಮ ಎಂದು ಕರೆಯಲಾಗಿದೆ.

ನೆಲಹಿಮ ಮೇಲಿನಿಂದ ಬೀಳುವುದಿಲ್ಲ. ಮೋಡವಿಲ್ಲದ, ಗಾಳಿಯಾಡದ ಇರುಳಿನಲ್ಲಿ ನೆಲವೂ ಎಲೆಯೂ ತಮ್ಮ ಶಾಖವನ್ನು ಆಕಾಶದತ್ತ ಬಿಟ್ಟುಕೊಡುತ್ತವೆ. ಮೋಡವಿದ್ದರೆ ಆ ಶಾಖದ ಒಂದು ಪಾಲು ಮರಳಿ ನೆಲಕ್ಕೆ ಬರುತ್ತದೆ; ಮೋಡವಿಲ್ಲದಿದ್ದರೆ ಬರುವುದಿಲ್ಲ. ನೆಲಕ್ಕೆ ತಾಗಿದ ಗಾಳಿ ತಣ್ಣಗಾಗಿ ಭಾರವಾಗಿ ತಗ್ಗಿನಲ್ಲಿ ನೀರಿನಂತೆ ನಿಲ್ಲುತ್ತದೆ. ಎಲೆಯ ಮೈ ಸೊನ್ನೆ ಡಿಗ್ರಿಗಿಂತ ಕೆಳಗಿಳಿದಾಗ ಗಾಳಿಯ ತೇವ ಅದರ ಮೇಲೆ ಹರಳುಗಟ್ಟುತ್ತದೆ. ಉಷ್ಣಮಾಪಕವಿರುವುದು ಆಳಿನ ಎದೆಯೆತ್ತರದಲ್ಲಿ. ಎಲೆಯಿರುವುದು ನೆಲದ ಹತ್ತಿರ. ಆದ್ದರಿಂದ ಮಾಪಕ 3 ಡಿಗ್ರಿ ತೋರಿಸುತ್ತಿರುವಾಗಲೇ ಹುಲ್ಲಿನ ಮೇಲೆ ನೆಲಹಿಮ ಕೂತಿರಬಹುದು. ಬಯಲು ನಾಡಿನಲ್ಲಿ ಉಷ್ಣಾಂಶ 4 ಡಿಗ್ರಿಗಿಂತ ಕೆಳಗಿಳಿಯುವ ಸೂಚನೆಯಿದ್ದರೆ ಹವಾಮಾನ ಇಲಾಖೆ ನೆಲಹಿಮದ ಎಚ್ಚರಿಕೆ ಕೊಡುವುದು ಈ ಕಾರಣದಿಂದಲೇ. ದಕ್ಷಿಣದಲ್ಲಿ ಇದನ್ನು ಕಣ್ಣಾರೆ ಕಾಣಬೇಕಾದರೆ ನೀಲಗಿರಿಗೋ ಮುನ್ನಾರಿಗೋ ಹೋಗಬೇಕು. 2019ರ ಜನವರಿಯಲ್ಲಿ ಮುನ್ನಾರಿನ ಸುತ್ತ ಅಂಥ ಇರುಳುಗಳು ಒಂದರ ಹಿಂದೊಂದು ಬಂದು ಚಹಾ ಗಿಡಗಳು ಸುಟ್ಟಂತೆ ಕಂದಿದವು.

ಚಳಿಗಾಲದ ನೆಲಹಿಮ ಶೀತದೇಶದ ಹಣ್ಣಿನ ಮರಕ್ಕೆ ಶತ್ರುವಲ್ಲ ಎಂಬುದನ್ನು ಮಕ್ಕಳು ಮೊದಲು ಗ್ರಹಿಸಬೇಕು. ಸೇಬಿನ ಮೊಗ್ಗು ಮುಚ್ಚಿಕೊಂಡು ಮಲಗಿರುವಾಗ ಸೊನ್ನೆಗಿಂತ ಬಹಳ ಕೆಳಗಿನ ಚಳಿಯನ್ನೂ ತಡೆದುಕೊಳ್ಳುತ್ತದೆ. ಅದೇ ಮರ ಪೂರ್ತಿ ಹೂ ಬಿಟ್ಟಾಗ ಮೈನಸ್ 2 ಡಿಗ್ರಿಯ ಅರ್ಧ ಗಂಟೆ ಹತ್ತರಲ್ಲೊಂದು ಹೂವನ್ನು ಕೊಲ್ಲುತ್ತದೆ. ಮೈನಸ್ 4ರ ಹೊತ್ತಿಗೆ ಹತ್ತರಲ್ಲಿ ಒಂಬತ್ತು ಹೂ ಹೋಗಿರುತ್ತವೆ. ಹೂವಿನೊಳಗಿನ ನೀರು ಗಟ್ಟಿಯಾಗುವಾಗ ಜೀವಕೋಶಗಳಿಂದ ತೇವವನ್ನು ಸೆಳೆದುಕೊಂಡು ಅವುಗಳ ಪೊರೆಯನ್ನು ಹರಿಯುತ್ತದೆ. 2021ರ ಮಾರ್ಚ್ ಕೊನೆಯಲ್ಲಿ ಫ್ರಾನ್ಸಿನಲ್ಲಿ ಬೇಸಿಗೆಯಂಥ ಬಿಸಿಲು ಬಿದ್ದು ದ್ರಾಕ್ಷಿಬಳ್ಳಿಗಳು ಬೇಗನೆ ಚಿಗುರಿದವು. ಏಪ್ರಿಲ್ ಮೊದಲ ವಾರದಲ್ಲಿಯೇ ನೆಲಹಿಮ ಬಂತು. ರೈತರು ಇರುಳೆಲ್ಲ ಬಳ್ಳಿಗಳ ನಡುವೆ ದೊಡ್ಡ ಮೇಣದ ದೀಪಗಳನ್ನು ಉರಿಸಿದರೂ ಅನೇಕ ಕಡೆ ಚಿಗುರು ಉಳಿಯಲಿಲ್ಲ. ಆ ಏಪ್ರಿಲ್‌ನ ಚಳಿಯೊಂದೇ ಈ ಹಾನಿಗೆ ಕಾರಣವಾಗಿರಲಿಲ್ಲ. ಅದಕ್ಕಿಂತ ಮುಂಚೆ ಬಂದ ಸೆಕೆ ಚಿಗುರನ್ನು ಹೊರಗೆ ಕರೆದು ಅಪಾಯದ ಬಾಯಿಗೆ ಒಡ್ಡಿತ್ತು. ಭೂಮಿ ಬಿಸಿಯಾಗುತ್ತಿರುವ ಕಾಲದಲ್ಲಿಯೂ ಹಿಮದ ಹಾನಿ ಹೆಚ್ಚಬಹುದು ಎಂಬ ವಿಚಿತ್ರದ ಹಿಂದಿರುವ ಕಾರಣ ಇದು.

ಹಾನಿಯ ಅಳತೆ ಹವೆಯೊಂದರಿಂದಲೇ ಆಗುವುದಿಲ್ಲ. ಆ ದಿನ ಗಿಡ ಯಾವ ಸ್ಥಿತಿಯಲ್ಲಿತ್ತು ಎಂಬುದೂ ಅದರಲ್ಲಿ ಸೇರಿದೆ. ಇದನ್ನು ಹಿಡಿದುಕೊಂಡರೆ ಪಾಠವನ್ನು ಫೋಂಡಾಕ್ಕೆ ತರುವುದು ಕಷ್ಟವಲ್ಲ. ಶಾಲೆಯ ಹಿಂದಿನ ಗುಡ್ಡದಲ್ಲಿಯೇ ಸೇಬಿನ ಸ್ಥಾನದಲ್ಲಿ ನಿಲ್ಲಬಲ್ಲ ಮರವಿದೆ.

ಪೋರ್ಚುಗೀಸರ ಕಾಲದಲ್ಲಿ ಬ್ರೆಜಿಲ್‌ನಿಂದ ಬಂದು ಗೋವೆಯ ಗುಡ್ಡಗಳನ್ನು ಆವರಿಸಿದ ಈ ಮರವನ್ನು ಕೊಂಕಣಿ ಮಕ್ಕಳು ಕಾಜು ಎನ್ನುತ್ತಾರೆ, ಕರಾವಳಿಯ ಕನ್ನಡಿಗರು ಗೇರು ಎನ್ನುತ್ತಾರೆ, ಬಯಲುಸೀಮೆಯಿಂದ ಬಂದವರು ಗೋಡಂಬಿ ಎನ್ನುತ್ತಾರೆ. ಒಂದೇ ತರಗತಿಯಲ್ಲಿ ಮೂರು ಹೆಸರೂ ಕೇಳಿಬರುವುದುಂಟು. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಹೂ, ಮಾರ್ಚಿನಿಂದ ಮೇವರೆಗೆ ಹಣ್ಣು ಮತ್ತು ಬೀಜ. ಇದು ಅದರ ವಾಡಿಕೆ. ಈ ತಿಂಗಳುಗಳು ಒಣಗಿರಬೇಕೆಂಬ ನಂಬಿಕೆಯ ಮೇಲೆಯೇ ಮರ ತನ್ನ ಬಾಳನ್ನು ಹೂಡಿದೆ. ಹೂ ಬಿಟ್ಟ ದಿನಗಳಲ್ಲಿ ಮಳೆ ಬಂದರೆ ಪರಾಗ ತೊಳೆದುಹೋಗುತ್ತದೆ. ಪರಾಗ ಸಾಗಿಸುವ ಕೀಟಗಳು ಹಾರುವುದಿಲ್ಲ. ಮಳೆಯೇ ಬೇಕೆಂದಿಲ್ಲ, ನಾಲ್ಕು ದಿನ ಮೋಡ ಕವಿದು ತೇವ ಏರಿದರೂ ಸಾಕು. ಎಳೆಯ ಚಿಗುರಿನ ರಸ ಹೀರುವ ಟೀ ಸೊಳ್ಳೆಯ ಕಾಟ ಹೆಚ್ಚುತ್ತದೆ, ಅದು ಚುಚ್ಚಿದ ಗಾಯದಲ್ಲಿ ಶಿಲೀಂಧ್ರ ಸೇರುತ್ತದೆ, ಹೂಗೊಂಚಲು ಕಪ್ಪಗೆ ಒಣಗುತ್ತದೆ. ದೂರದಿಂದ ನೋಡಿದವರಿಗೆ ಬೆಂಕಿ ತಾಗಿದಂತೆ ಕಾಣುತ್ತದೆ. ನೆಲಹಿಮ ಬಡಿದ ತೋಟದ ವರ್ಣನೆಯಲ್ಲಿ ಬರುವುದೂ ಇದೇ ಹೋಲಿಕೆ. ಮಾನ್ಕುರಾದ್ ಮಾವಿನ ಸ್ಥಿತಿ ಇನ್ನೂ ಸೂಕ್ಷ್ಮ. ಹೂ ಹೊರಡಲು ಅದಕ್ಕೆ ತಂಪಾದ ಇರುಳುಗಳು ಬೇಕು. ಚಳಿ ತಡವಾದರೆ ಹೂ ತಡವಾಗುತ್ತದೆ, ಹೂ ತಡವಾದರೆ ಕಾಯಿ ಮಾಗುವ ಹೊತ್ತಿಗೆ ಮುಂಗಾರುಪೂರ್ವ ಮಳೆ ಎದುರಾಗುತ್ತದೆ.

ಅದೇ ಫೆಬ್ರವರಿ–ಮಾರ್ಚಿನ ಮಳೆ ಘಟ್ಟದಾಚೆ ಚಿಕ್ಕಮಗಳೂರು, ಕೊಡಗುಗಳ ಕಾಫಿ ತೋಟದಲ್ಲಿ ಬಿದ್ದರೆ ಅದಕ್ಕೆ ಹೂಮಳೆ ಎಂಬ ಹೆಸರು. ಅದು ಬಾರದಿದ್ದರೆ ರೋಬಸ್ಟಾ ಅರಳುವುದಿಲ್ಲ. ಬೆಳೆಗಾರರು ತುಂತುರು ನೀರು ಹಾಯಿಸಿ ಅದರ ಕೊರತೆಯನ್ನು ತುಂಬಿಕೊಳ್ಳುತ್ತಾರೆ. ಒಂದೇ ಮಳೆ ಒಂದು ಕಡೆ ಅಕಾಲ, ಇನ್ನೊಂದು ಕಡೆ ಸಕಾಲ ಎಂಬ ಈ ಹೋಲಿಕೆ ಮಕ್ಕಳಿಗೆ ಬೇಗ ತಟ್ಟುತ್ತದೆ.

ಸಕಾಲ ಯಾವುದೆಂದು ಹೇಳಲು ಮನೆಮನೆಯಲ್ಲೂ ಒಂದು ಪಂಚಾಂಗವಿದೆ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು–ಹದಿನಾಲ್ಕು ದಿನ ಇರುವ ಲೆಕ್ಕದಲ್ಲಿ ಕನ್ನಡ ರೈತ ಮಳೆಗಳನ್ನು ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ ಎಂದು ಹೆಸರಿಸುತ್ತಾನೆ. ಭರಣಿ ಮಳೆಯಾದರೆ ಧರಣಿಯೆಲ್ಲ ಬೆಳೆ ಎಂಬ ಗಾದೆಯನ್ನು ತಾಯಂದಿರು ಊರಿನಿಂದ ಇಲ್ಲಿಗೂ ತಂದಿದ್ದಾರೆ. ಗೋವೆಯ ರೈತ ಜೂನ್ 7–8ರ ಮಿರಗವನ್ನು, ಎಂದರೆ ಮೃಗಶಿರವನ್ನೇ, ಮಳೆಗಾಲದ ಬಾಗಿಲೆಂದು ಎಣಿಸುತ್ತಾನೆ. ನಡು ಯುರೋಪಿನಲ್ಲಿ ಮೇ 11ರಿಂದ ನಾಲ್ಕೈದು ದಿನಗಳನ್ನು ‘ಹಿಮದ ಸಂತರ’ ದಿನಗಳೆಂದು ಕರೆದು, ಅವು ಕಳೆಯುವವರೆಗೆ ಎಳೆ ಸಸಿ ನೆಡಬಾರದೆಂಬ ರೂಢಿಯಿದೆ. ಎಲ್ಲವೂ ತಲೆಮಾರುಗಳ ಅವಲೋಕನದಿಂದ ಮೂಡಿದವು. ಯಾವುದನ್ನೂ ಮೂಢನಂಬಿಕೆಯೆಂದು ತಳ್ಳುವ ಅಗತ್ಯವಿಲ್ಲ.

ಆದರೆ ಅವಕ್ಕೆ ಎರಡು ಮಿತಿಗಳಿವೆ. ಮೊದಲನೆಯದು ನೆಲದ್ದು. ವಿಜಯಪುರದಲ್ಲಿ ಅತಿ ಹೆಚ್ಚು ಮಳೆಯ ತಿಂಗಳು ಸೆಪ್ಟೆಂಬರ್, ಗೋವೆಯಲ್ಲಿ ಜುಲೈ. ಅಲ್ಲಿ ಇಡೀ ವರ್ಷಕ್ಕೆ ಬೀಳುವಷ್ಟು ಮಳೆ ಇಲ್ಲಿ ಜುಲೈ ಒಂದರಲ್ಲೇ ಬೀಳುತ್ತದೆ. ಅಜ್ಜಿಯ ಗಾದೆ ಅಜ್ಜಿಯ ಊರಿಗೆ ನಿಜ. ಎರಡನೆಯದು ಕಾಲದ್ದು. ನಕ್ಷತ್ರಗಳನ್ನು ಆಧರಿಸಿದ ವರ್ಷ ಋತುಗಳ ವರ್ಷಕ್ಕಿಂತ ಸುಮಾರು ಇಪ್ಪತ್ತು ನಿಮಿಷ ದೊಡ್ಡದು. ಎಪ್ಪತ್ತು ವರ್ಷಕ್ಕೆ ಒಂದು ದಿನ, ಸಾವಿರ ವರ್ಷಕ್ಕೆ ಹದಿನಾಲ್ಕು ದಿನ, ಎಂದರೆ ಪೂರ್ತಿ ಒಂದು ಮಳೆನಕ್ಷತ್ರದಷ್ಟೇ ಅಂತರ ಬೀಳುತ್ತದೆ. ಹಳೆಯ ಗಾದೆ ಹುಟ್ಟಿದ ಕಾಲದ ಭರಣಿಯೂ ಇಂದಿನ ಭರಣಿಯೂ ಋತುಚಕ್ರದ ಒಂದೇ ಜಾಗದಲ್ಲಿಲ್ಲ.

ಇನ್ನು ವರ್ಷದಿಂದ ವರ್ಷಕ್ಕೆ ಆಗುವ ಏರುಪೇರು ಬೇರೆ. 2019ರ ಅಕ್ಟೋಬರ್ ಕೊನೆಯಲ್ಲಿ ಕ್ಯಾರ್ ಚಂಡಮಾರುತ ಕೊಯ್ಲಿಗೆ ನಿಂತ ಭತ್ತವನ್ನು ನೆನೆಸಿತು. 2021ರ ಮೇ ಮಧ್ಯದಲ್ಲಿ ತೌಕ್ತೆ ಗೋವೆಯ ಕರಾವಳಿಯನ್ನು ಸವರಿಕೊಂಡು ಹೋಯಿತು. 2025ರಲ್ಲಿ ಮುಂಗಾರು ಮೇ 24ರಂದು ಕೇರಳಕ್ಕೆ ಬಂದು, ಮಿರಗಕ್ಕೆ ಕಾಯದೆ, ರೋಹಿಣಿ ಹುಟ್ಟುವ ಹೊತ್ತಿಗೇ ಗೋವೆಯನ್ನು ಹೊಕ್ಕಿತು. ಇವನ್ನು ಒಟ್ಟಿಗೆ ಹೇಳಿದ ಕೂಡಲೇ ‘ಕಾಲವೇ ಕೆಟ್ಟಿದೆ’ ಎಂಬ ಮಾತು ತರಗತಿಯಲ್ಲಿ ಏಳುತ್ತದೆ. ಅದು ನಿಜವಿರಬಹುದು. ಆದರೆ ಹೀಗೆ ಆಯ್ದು ಹೇಳಿದ ಮೂರು ಘಟನೆಗಳಿಂದ ಅದು ಸಿದ್ಧವಾಗುವುದಿಲ್ಲ. ಕೆಟ್ಟ ವರ್ಷ ನೆನಪಿನಲ್ಲಿ ಉಳಿಯುತ್ತದೆ. ಏನೂ ಆಗದ ವರ್ಷ ಮರೆತುಹೋಗುತ್ತದೆ.

ಇದನ್ನು ತೋರಿಸಲು ಎರಡು ನಾಣ್ಯಗಳು ಸಾಕು. ಗೇರು ಹೂವಿನ ಕಾಲದಲ್ಲಿ ಕೆಡುಕಿನ ಮಳೆ ನಾಲ್ಕು ವರ್ಷಕ್ಕೊಮ್ಮೆ ಬರುತ್ತದೆಂದು ಊಹಿಸಿಕೊಳ್ಳೋಣ. ಇದು ಆಟದ ನಿಯಮವಷ್ಟೆ. ಪ್ರತಿ ಮಗು ಎರಡು ನಾಣ್ಯಗಳನ್ನು ಒಟ್ಟಿಗೆ ಮೂವತ್ತು ಸಲ ಚಿಮ್ಮಲಿ. ಪ್ರತಿ ಚಿಮ್ಮಿಗೆ ಒಂದು ವರ್ಷ. ಎರಡೂ ತಲೆ ಬಿದ್ದರೆ ಅದು ಕೆಟ್ಟ ವರ್ಷ. ಸತತ ಮೂರು ಕೆಟ್ಟ ವರ್ಷಗಳು ಯಾರ ಪಟ್ಟಿಯಲ್ಲಿ ಬಂದಿವೆ ಎಂದು ಕೇಳಿದರೆ, ಮೂವತ್ತು ಮಕ್ಕಳ ತರಗತಿಯಲ್ಲಿ ಎಂಟೊಂಬತ್ತು ಕೈಗಳು ಮೇಲೇಳುವುದನ್ನು ನಿರೀಕ್ಷಿಸಬಹುದು. ನಾಣ್ಯಕ್ಕೆ ಯಾವ ದುರುದ್ದೇಶವೂ ಇಲ್ಲ, ಅದರ ಸ್ವಭಾವ ಬದಲಾಗಿಯೂ ಇಲ್ಲ. ಆದರೂ ಸಾಲು ಸಾಲಾಗಿ ಕೇಡು ಬಂದಿದೆ. ಹವಾಮಾನದ ‘ವಾಡಿಕೆ’ಯನ್ನು ಜಗತ್ತಿನೆಲ್ಲೆಡೆ ಮೂವತ್ತು ವರ್ಷಗಳ ಸರಾಸರಿಯಿಂದ ಕಟ್ಟುವುದಕ್ಕೆ, ಇಂಥ ಆಕಸ್ಮಿಕ ಸಾಲುಗಳು ತಕ್ಕಮಟ್ಟಿಗೆ ತೂಗಿಹೋಗಲಿ ಎಂಬುದು ಒಂದು ಕಾರಣ.

ಹಾಗೆಂದು ಎಲ್ಲವೂ ಆಕಸ್ಮಿಕವೆಂದು ಮಕ್ಕಳು ತಿಳಿಯಬಾರದು. ಜಪಾನಿನ ಕ್ಯೋಟೋದಲ್ಲಿ ಚೆರ್ರಿ ಹೂ ಪೂರ್ಣವಾಗಿ ಅರಳಿದ ದಿನದ ಉಲ್ಲೇಖಗಳು ಒಂಬತ್ತನೆಯ ಶತಮಾನದಿಂದಲೂ ದೊರೆಯುತ್ತವೆ. ಹೂ ನೋಡುವ ಹಬ್ಬದ ದಿನಾಂಕವನ್ನು ಆಸ್ಥಾನದವರೂ ಮಠದವರೂ ದಿನಚರಿಯಲ್ಲಿ ಬರೆದಿಟ್ಟಿದ್ದರು, ಅಷ್ಟೆ. ಹವಾಮಾನದ ವಿಚಾರ ಅವರ ಮನಸ್ಸಿನಲ್ಲಿರಲಿಲ್ಲ. ಆ ಸಾಲಿನಲ್ಲಿ 2021ರ ಮಾರ್ಚ್ 26 ಅದುವರೆಗಿನ ಅತಿ ಮುಂಚಿನ ದಿನವಾಯಿತು. ಒಂದು ವರ್ಷದ ದಿನಾಂಕದಿಂದ ಅಲ್ಲ, ನೂರಾರು ವರ್ಷಗಳ ಪಟ್ಟಿ ಕೊನೆಯ ಶತಮಾನದಲ್ಲಿ ಒಂದೇ ಕಡೆಗೆ ಬಾಗಿರುವುದರಿಂದ ವಿದ್ವಾಂಸರು ಬದಲಾವಣೆಯನ್ನು ಗುರುತಿಸಿದರು.

ಫೋಂಡಾದ ಶಾಲೆಯೊಂದು ಇಂಥ ಪಟ್ಟಿಯನ್ನು ಆರಂಭಿಸಲು ದೊಡ್ಡ ವೆಚ್ಚ ಬೇಕಿಲ್ಲ. ಬಾಯಿಯಿಂದ ತಳದವರೆಗೆ ಒಂದೇ ಅಗಲವಿರುವ ಪಾತ್ರೆ ಬೇಕು. ನಡು ಸಣ್ಣಗಿರುವ ನೀರಿನ ಬಾಟಲಿ ಲೆಕ್ಕ ತಪ್ಪಿಸುತ್ತದೆ. ಇಲ್ಲಿನ ಜುಲೈ ದಿನಗಳಲ್ಲಿ 100 ಮಿಲಿಮೀಟರ್ ಮಳೆ ಅಪರೂಪವಲ್ಲ, 204.4 ದಾಟಿದರೆ ಇಲಾಖೆ ಅದನ್ನು ಅತ್ಯಂತ ಭಾರಿ ಮಳೆ ಎನ್ನುತ್ತದೆ. ಆದ್ದರಿಂದ ಪಾತ್ರೆ ಒಂದಡಿಯಾದರೂ ಆಳವಿರಲಿ. ಮರವಾಗಲಿ ಗೋಡೆಯಾಗಲಿ ಅದರ ಎತ್ತರದ ಎರಡರಷ್ಟು ದೂರದಲ್ಲಿರಬೇಕು. ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರ್ ನೆಲದ ಮೇಲೆ ಒಂದು ಲೀಟರ್ ನೀರು ಎಂಬುದನ್ನು ಅಂಗಳದಲ್ಲಿ ಚೌಕ ಬರೆದು ತೋರಿಸಬಹುದು. ಅಳತೆ ಬೆಳಿಗ್ಗೆ 8.30ಕ್ಕೆ, ದೇಶದ ಎಲ್ಲ ಮಳೆಮಾಪನ ಕೇಂದ್ರಗಳ ದಿನ ಮುಗಿಯುವುದು ಆ ಹೊತ್ತಿಗೆ. ಒಂದು ದಿನವನ್ನು ಮಳೆದಿನವೆಂದು ಎಣಿಸಲು 2.5 ಮಿಲಿಮೀಟರ್ ಆಗಿರಬೇಕು.

ಮಳೆಯ ಅಂಕಿಯ ಪಕ್ಕದಲ್ಲಿ ಇನ್ನೊಂದು ಕಾಲಂ ಇರಲೇಬೇಕು. ಆಯ್ದುಕೊಂಡ ಒಂದೇ ಗೇರು ಮರದಲ್ಲಿ ಮೊದಲ ಹೂ ಕಂಡ ದಿನ, ಗೊಂಚಲು ಒಣಗಿದ ದಿನ, ಮೊದಲ ಹಣ್ಣು ಉದುರಿದ ದಿನ. ಮರ ಬದಲಾಗಬಾರದು. ಈ ಕಾಲಂ ಇಲ್ಲದ ಮಳೆ ಪಟ್ಟಿ ಮಳೆ ಎಷ್ಟು ಬಂತೆಂದು ಹೇಳೀತು. ಅದು ಅಕಾಲವೋ ಸಕಾಲವೋ ಎಂದು ಹೇಳಲಾರದು.

ಈ ಅಂಕಿಗಳಿಗೆ ಬೆಲೆಯಿದೆಯೇ ಎಂದು ಮಕ್ಕಳು ಕೇಳಿದರೆ ನೆರೆಯ ಉತ್ತರ ಕನ್ನಡದ ಉದಾಹರಣೆ ಕೊಡಬಹುದು. ಅಲ್ಲಿ ಅಡಿಕೆ, ಕಾಳುಮೆಣಸುಗಳಿಗೆ ಹವಾಮಾನ ಆಧಾರಿತ ಬೆಳೆ ವಿಮೆಯಿದೆ. ಕೊಳೆರೋಗದಿಂದ ಎಷ್ಟು ಅಡಿಕೆ ಉದುರಿತೆಂದು ಅದರಲ್ಲಿ ಯಾರೂ ಎಣಿಸುವುದಿಲ್ಲ. ಮಳೆಮಾಪಕ ಆ ದಿನಗಳಲ್ಲಿ ಏನು ತೋರಿಸಿತು ಎಂಬುದರ ಮೇಲೆಯೇ ಪರಿಹಾರ ನಿರ್ಧಾರವಾಗುತ್ತದೆ. ಮಾಪಕ ಕೆಟ್ಟು ನಿಂತ ವಾರ ರೈತನ ಪಾಲಿಗೆ ಮಳೆಯೇ ಬಾರದ ವಾರವಾಗಿಬಿಡಬಹುದು. ಸಾವೊಯಿ, ಕೇರಿ, ಪ್ರಿಯೋಳಗಳ ಕುಳಾಗರಗಳಲ್ಲಿ ದುಡಿಯುವವರ ಮಕ್ಕಳಿಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ.

ಅದರಿಂದಲೇ ಬಿಟ್ಟುಹೋದ ದಿನದ ನಿಯಮ ಕಟ್ಟುನಿಟ್ಟಾಗಿರಬೇಕು. ಮಳೆ ಬಾರದಿದ್ದರೆ ಸೊನ್ನೆ ಬರೆಯಬೇಕು. ಅಳೆಯದಿದ್ದರೆ ಅಡ್ಡಗೆರೆ ಎಳೆಯಬೇಕು, ಸೊನ್ನೆ ಬರೆಯಬಾರದು. ಭಾನುವಾರ ಯಾರೂ ಬಾರದೆ ಸೋಮವಾರ ಅಳೆದರೆ ‘ಎರಡು ದಿನದ ಮೊತ್ತ’ ಎಂದು ಗುರುತಿಸಬೇಕು. ಎಲ್ಲಕ್ಕಿಂತ ತೊಡಕಿನದು ಬೇಸಿಗೆ ರಜೆ. ಮುಂಗಾರು ಮುಂಚಿತವಾಗಿ ಬಂತೋ ಇಲ್ಲವೋ ಎಂಬ ವಾದವೆಲ್ಲ ನಡೆಯುವುದು ಮೇ ತಿಂಗಳ ಬಗ್ಗೆ. ಮಕ್ಕಳಲ್ಲಿ ಅನೇಕರು ಊರಿಗೆ ಹೋಗಿರುವುದೂ ಆಗಲೇ. ಶಾಲೆಯ ಸಮೀಪದಲ್ಲಿ ಮನೆಯಿರುವ, ರಜೆಯಲ್ಲಿ ಇಲ್ಲಿಯೇ ಉಳಿಯುವ ಇಬ್ಬರು ಮಕ್ಕಳಿಗೆ ಪುಸ್ತಕವನ್ನೂ ಅಳತೆಪಟ್ಟಿಯನ್ನೂ ಏಪ್ರಿಲ್‌ನಲ್ಲಿಯೇ ಒಪ್ಪಿಸಿ, ಜೂನ್ ಮೊದಲ ದಿನ ಮರಳಿ ಪಡೆಯುವ ಏರ್ಪಾಡನ್ನು ಅಧ್ಯಾಪಕರು ಮುಂಚಿತವಾಗಿ ಮಾಡಿಕೊಳ್ಳಬೇಕು.